ಸೋಪಾನದ ಪರೀಕ್ಷೆ ಮೈದಾನದಲ್ಲಿ: ಸ್ಕೌಟ್ ಶಿಕ್ಷಕನಾಗಿ ನನ್ನ ಅನುಭವ

ದಾವಣಗೆರೆ ಜಿಲ್ಲೆಯಲ್ಲಿ, ಭದ್ರಾ ನಾಲೆಯ ನೀರಿನಿಂದ ಭತ್ತ ಬೆಳೆಯುವ ಊರೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಪಾಠ ಮಾಡುತ್ತೇನೆ. ಅದರ ಜೊತೆಗೆ ಶಾಲೆಯ ಸ್ಕೌಟ್ ದಳದ ಹೊಣೆಯೂ ಹಲವು ವರ್ಷಗಳಿಂದ ನನ್ನ ಮೇಲಿದೆ. ದಳಕ್ಕೆ ಸೇರಿದ ಹುಡುಗ ಮೊದಲು ಪ್ರವೇಶ, ಆಮೇಲೆ ಪ್ರಥಮ, ದ್ವಿತೀಯ, ತೃತೀಯ ಸೋಪಾನಗಳನ್ನು ದಾಟಿ ರಾಜ್ಯ ಪುರಸ್ಕಾರಕ್ಕೂ, ಅಲ್ಲಿಂದ ಮುಂದೆ ರಾಷ್ಟ್ರಪತಿ ಪುರಸ್ಕಾರಕ್ಕೂ ಅರ್ಹನಾಗುತ್ತಾನೆ. ಈ ಮೆಟ್ಟಿಲುಗಳಲ್ಲಿ ಮೊದಲ ಮೂರನ್ನು ನಮ್ಮ ಮಕ್ಕಳಿಗೆ ಹೇಗೆ ಹತ್ತಿಸುತ್ತೇನೆ ಎಂಬುದನ್ನು, ಹೊಸದಾಗಿ ದಳ ಕಟ್ಟುವ ಶಿಕ್ಷಕರನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಬರೆದಿದ್ದೇನೆ. ನಾನು ನಂಬಿಕೊಂಡು ಬಂದದ್ದು ಒಂದೇ: ಪಟ್ಟಿಯಲ್ಲಿರುವ ಯಾವ ಕೌಶಲವನ್ನೂ ಅದು ನಿಜವಾಗಿ ಬೇಕಾಗುವ ಕೆಲಸದಿಂದ ಬೇರ್ಪಡಿಸಿ ಕಲಿಸಬಾರದು, ಪರೀಕ್ಷಿಸಲೂ ಬಾರದು.

ಪ್ರವೇಶದ ಪಠ್ಯ ಚಿಕ್ಕದು. ಪ್ರತಿಜ್ಞೆ, ಒಂಬತ್ತು ನಿಯಮಗಳು, ಧ್ಯೇಯವಾಕ್ಯ, ಮೂರು ಬೆರಳಿನ ವಂದನೆ, ಎಡಗೈ ಕುಲುಕುವುದು, ಪ್ರಾರ್ಥನೆ ಹಾಗೂ ಧ್ವಜಗೀತೆ, ಸಮವಸ್ತ್ರವನ್ನು ಸರಿಯಾಗಿ ಧರಿಸುವುದು, ಚಳವಳಿಯ ಸ್ಥೂಲ ಇತಿಹಾಸ. ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಶಿಬಿರ ನಡೆಸಿದರು, 1909ರಲ್ಲಿ ಭಾರತದ ಮೊದಲ ದಳ ನಮ್ಮ ಬೆಂಗಳೂರಿನಲ್ಲಿಯೇ ಆರಂಭವಾಯಿತು, 1950ರ ನವೆಂಬರ್ 7ರಂದು ಬೇರೆ ಬೇರೆ ಸಂಘಟನೆಗಳು ಒಂದಾಗಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಹುಟ್ಟಿತು ಎಂಬಷ್ಟನ್ನು ಹುಡುಗರು ಒಂದೇ ಸಂಜೆಯಲ್ಲಿ ಕಲಿತುಬಿಡುತ್ತಾರೆ. ಕಂಠಪಾಠ ನಮ್ಮ ಮಕ್ಕಳಿಗೆ ಎಂದೂ ಕಷ್ಟವಲ್ಲ, ತೊಡಕು ಇರುವುದೂ ಅಲ್ಲಿಯೇ. ಆರನೆಯ ನಿಯಮ ಶಿಸ್ತಿನ ಬಗ್ಗೆ, ಸಾರ್ವಜನಿಕ ಆಸ್ತಿಯ ರಕ್ಷಣೆಯ ಬಗ್ಗೆ ಮಾತನಾಡುತ್ತದೆ. ಅದನ್ನು ಒಪ್ಪಿಸಿದ ಹುಡುಗನಿಗೆ ನಾನು ಶಾಲೆಯ ಸೋರುವ ನಲ್ಲಿಯೊಂದನ್ನು ತೋರಿಸುತ್ತೇನೆ. ವಾಷರ್ ಬದಲಿಸಲು ಅವನಿಗೆ ಬಾರದಿದ್ದರೆ ಬರುವವರನ್ನು ಹುಡುಕಿ ಕರೆತರಬೇಕು. ನಲ್ಲಿ ನಿಂತ ಮೇಲೆ ಆರನೆಯ ನಿಯಮ ಮುಗಿಯಿತು.

ದಿನಕ್ಕೊಂದು ಒಳ್ಳೆಯ ಕೆಲಸ ಮಾಡಿ ದಿನಚರಿಯಲ್ಲಿ ಬರೆಯಬೇಕೆಂಬ ವಿಧಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ನಾನು ದಳವನ್ನು ವಹಿಸಿಕೊಂಡಾಗ ಹೆಚ್ಚಿನ ದಿನಚರಿಗಳಲ್ಲಿ ‘ಅಜ್ಜಿಯೊಬ್ಬರಿಗೆ ರಸ್ತೆ ದಾಟಿಸಿದೆ’ ಎಂಬ ವಾಕ್ಯ ತಿಂಗಳಿಡೀ ಕಾಣುತ್ತಿತ್ತು. ಬಸ್ಸು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬರುವ ಊರಿನಲ್ಲಿ ಅಷ್ಟು ಅಜ್ಜಿಯರು ನೆರವಿಲ್ಲದೆ ರಸ್ತೆಯಂಚಿನಲ್ಲಿ ನಿಂತಿರುವುದು ಅಸಂಭವ. ಈಗ ದಿನಚರಿಯಲ್ಲಿ ಕೆಲಸದ ಹೆಸರಿನ ಜೊತೆಗೆ, ಅದಕ್ಕೆ ಎಷ್ಟು ಹೊತ್ತು ಹಿಡಿಯಿತು, ಏನು ಅಡ್ಡಿ ಬಂತು ಎಂಬುದನ್ನೂ ಬರೆಸುತ್ತೇನೆ. ಏನೂ ಮಾಡದ ದಿನ ಖಾಲಿ ಬಿಡಬಹುದು, ಖಾಲಿ ಬಿಟ್ಟದ್ದಕ್ಕೆ ಯಾರನ್ನೂ ಗದರಿಸುವುದಿಲ್ಲ. ಈ ಎರಡು ಬದಲಾವಣೆಗಳಾದ ಮೇಲೆ ‘ಪಕ್ಕದ ಮನೆಯವರ ಎಮ್ಮೆ ಹಗ್ಗ ಬಿಚ್ಚಿಕೊಂಡು ಗದ್ದೆಗೆ ನುಗ್ಗಿತ್ತು, ಹಿಡಿಯಲು ಹೋಗಿ ಕೆಸರಾದೆ, ಅಮ್ಮ ಬೈದರು’ ಎಂಬಂಥ ಬರಹಗಳು ಕಾಣತೊಡಗಿದವು.

ಸಮವಸ್ತ್ರದ ಖರ್ಚು ನಮ್ಮಂಥ ಶಾಲೆಗಳ ನಿಜವಾದ ಸಮಸ್ಯೆ. ಬೂದು ಬಣ್ಣದ ಅಂಗಿ, ಕಡುನೀಲಿ ಚಡ್ಡಿ ಅಥವಾ ಪ್ಯಾಂಟು, ಬೆರೆ ಟೋಪಿ, ಸ್ಕಾರ್ಫ್, ಬೆಲ್ಟ್ ಎಲ್ಲವನ್ನೂ ಒಮ್ಮೆಗೇ ಕೊಳ್ಳುವುದು ಕೂಲಿಯ ಮನೆಗಳಿಗೆ ಹೊರೆಯಾಗುತ್ತದೆ. ಹತ್ತನೇ ತರಗತಿ ಮುಗಿಸಿ ಹೋಗುವವರು ಬಿಟ್ಟುಹೋಗುವ ಬಟ್ಟೆಗಳನ್ನು ಒಗೆದು, ಗುಂಡಿ ಹೊಲಿದು ಪೆಟ್ಟಿಗೆಯಲ್ಲಿ ಇಡುತ್ತೇವೆ. ಗುಂಡಿ ಹೊಲಿಯುವ ಕೆಲಸ ಹೊಸಬರದೇ, ಅದೂ ಕಲಿಯಬೇಕಾದ ಕೌಶಲ.

ಪ್ರಥಮ ಸೋಪಾನದ ಜೀವಾಳ ಗಂಟುಗಳು ಎಂದು ನಾನು ತಿಳಿದಿದ್ದೇನೆ. ತರಗತಿಯ ಕೋಣೆಯಲ್ಲಿ ಗಜದುದ್ದದ ಹಗ್ಗ ಕೊಟ್ಟು ರೀಫ್, ಶೀಟ್ ಬೆಂಡ್, ಕ್ಲೋವ್ ಹಿಚ್, ಬೋಲೈನ್, ಶೀಪ್ ಶ್ಯಾಂಕ್ ಎಂದು ಹೆಸರು ಹೇಳುತ್ತ ಕಟ್ಟಿಸಿದರೆ ಹುಡುಗರು ಆ ದಿನ ಕಟ್ಟುತ್ತಾರೆ, ಮುಂದಿನ ವಾರಕ್ಕೆ ಮರೆಯುತ್ತಾರೆ. ನಮ್ಮ ಊರಿನಲ್ಲಿ ಇನ್ನೊಂದು ಅನುಕೂಲವಿದೆ. ಮಕ್ಕಳ ಕೈಗೆ ಹಗ್ಗ ಹೊಸದಲ್ಲ. ದಾವಣಿಗೆ ದನ ಕಟ್ಟುವವರು, ಹುಲ್ಲಿನ ಹೊರೆ ಬಿಗಿಯುವವರು, ಟ್ರ್ಯಾಕ್ಟರಿನ ಮೇಲೆ ಭತ್ತದ ಚೀಲಗಳಿಗೆ ಹಗ್ಗ ಎಳೆಯುವವರು ಅವರೇ. ಹಾಗಾಗಿ ಮೊದಲ ಪಾಠದಲ್ಲಿ ನಾನು ಏನನ್ನೂ ಹೇಳಿಕೊಡುವುದಿಲ್ಲ, ಮನೆಯಲ್ಲಿ ಕಟ್ಟುವಂತೆ ಗೂಟಕ್ಕೆ ಹಗ್ಗ ಕಟ್ಟಿ ತೋರಿಸಲು ಕೇಳುತ್ತೇನೆ. ಐದಾರು ಬಗೆಯ ಗಂಟುಗಳು ಬೀಳುತ್ತವೆ, ಅವುಗಳಲ್ಲಿ ಒಂದೆರಡಾದರೂ ಕ್ಲೋವ್ ಹಿಚ್ (ಒಂದನ್ನೊಂದು ಅಡ್ಡಹಾಯುವಂತೆ ಎರಡು ಸುತ್ತು ಹಾಕಿದ ಗಂಟು) ಅಥವಾ ಒಂದು ಸುತ್ತು ಹಾಕಿ ಎರಡು ಅರೆಗಂಟು ಬಿಗಿದದ್ದು ಆಗಿರುತ್ತದೆ. ಹಗ್ಗದ ತುದಿಯನ್ನು ಹಿಡಿದು ಎಲ್ಲ ದಿಕ್ಕಿಗೂ ಜಗ್ಗಿ ನೋಡುವುದು ಮುಂದಿನ ಕೆಲಸ. ಎಳೆತ ಒಂದೇ ಸಮನಾಗಿದ್ದರೆ ಕ್ಲೋವ್ ಹಿಚ್ ನಿಲ್ಲುತ್ತದೆ, ದನ ಸುತ್ತು ಹೊಡೆಯುವಂತೆ ಅತ್ತಿತ್ತ ಜಗ್ಗಿದರೆ ಸಡಿಲುತ್ತದೆ, ಸುತ್ತಿನ ಮೇಲೆ ಎರಡು ಅರೆಗಂಟು ಇದ್ದಲ್ಲಿ ಅಲುಗುವುದಿಲ್ಲ. ಯಾವ ಗಂಟು ಎಲ್ಲಿಗೆ ಎಂಬುದನ್ನು ಅವರ ಕೈಯೇ ಅವರಿಗೆ ಹೇಳುತ್ತದೆ.

ಉಳಿದ ಗಂಟುಗಳಿಗೂ ಹೀಗೆಯೇ ಒಂದೊಂದು ಕೆಲಸ ಹುಡುಕಿದ್ದೇನೆ. ಧ್ವಜದ ಹಗ್ಗ ತೆಳು, ಅದನ್ನು ಉದ್ದ ಮಾಡಲು ಸಿಕ್ಕಿದ್ದು ದಪ್ಪ ಹಗ್ಗ; ದಪ್ಪನೆಯದನ್ನು ಮಡಿಸಿ ತೆಳುವಾದುದನ್ನು ಅದರೊಳಗಿಂದ ತೂರಿಸಿ ಸುತ್ತಿದರೆ ಅದೇ ಶೀಟ್ ಬೆಂಡ್. ಬಟ್ಟೆ ಒಣಹಾಕುವ ಹಗ್ಗದ ನಡುವೆ ಎಳೆಗಳು ಸವೆದಿವೆ, ಕತ್ತರಿಸಲು ಮನಸ್ಸಿಲ್ಲ. ಸವೆದ ಭಾಗ ನಡುವೆ ಬರುವಂತೆ ಮೂರು ಮಡಿಕೆ ಮಾಡಿ ಎರಡೂ ತುದಿಗೆ ಕುಣಿಕೆ ಹಾಕಿದರೆ ಅದು ಶೀಪ್ ಶ್ಯಾಂಕ್. ರೀಫ್ ಗಂಟನ್ನು ಮಾತ್ರ ನಾನು ಹಗ್ಗದ ಪಾಠದಲ್ಲಿ ಕಲಿಸುವುದೇ ಇಲ್ಲ, ಪ್ರಥಮ ಚಿಕಿತ್ಸೆಯ ಪಾಠದಲ್ಲಿ ಕಲಿಸುತ್ತೇನೆ. ಬಲವನ್ನು ಎಡದ ಮೇಲೆ, ಎಡವನ್ನು ಬಲದ ಮೇಲೆ ಹಾಕಿ ಕಟ್ಟಿದ ಈ ಗಂಟು ಚಪ್ಪಟೆಯಾಗಿ ಮಲಗುತ್ತದೆ, ಬ್ಯಾಂಡೇಜಿನ ಕೆಳಗೆ ಚರ್ಮಕ್ಕೆ ಒತ್ತುವುದಿಲ್ಲ. ಎರಡೂ ಬಾರಿ ಒಂದೇ ಕಡೆಯಿಂದ ಹಾಕಿದರೆ ಗಂಟು ಅಡ್ಡಡ್ಡ ತಿರುಗಿ ನಿಲ್ಲುತ್ತದೆ, ಭಾರ ಬಿದ್ದಾಗ ಜಾರುತ್ತದೆ. ಕತ್ತಿಗೆ ಕಟ್ಟಿದ ತೋಳಿನ ಜೋಳಿಗೆಯಲ್ಲಿ ಅರ್ಧ ಇಟ್ಟಿಗೆ ಇರಿಸಿ ಮೈದಾನದ ಸುತ್ತ ಒಂದು ಸುತ್ತು ನಡೆಸಿದರೆ ಯಾರದು ರೀಫ್, ಯಾರದು ಅಲ್ಲ ಎಂಬುದು ನನ್ನ ಮಾತಿಲ್ಲದೆ ಗೊತ್ತಾಗುತ್ತದೆ. ಆ ಜೋಳಿಗೆ ಕಟ್ಟಲು ಅವರ ಕೊರಳಿನ ಸ್ಕಾರ್ಫೇ ಸಾಕು, ಅದನ್ನು ತ್ರಿಕೋನಾಕಾರದಲ್ಲಿ ಕತ್ತರಿಸಿರುವುದರ ಉಪಯೋಗವೂ ಆಗ ತಿಳಿಯುತ್ತದೆ.

ಪ್ರಥಮ ಚಿಕಿತ್ಸೆಯಲ್ಲಿ ಕಲಿಸುವುದಕ್ಕಿಂತ ಬಿಡಿಸುವುದೇ ಹೆಚ್ಚು. ಸುಟ್ಟ ಗಾಯಕ್ಕೆ ಪೇಸ್ಟು ಅಥವಾ ಶಾಯಿ ಹಚ್ಚುವುದು ನಮ್ಮ ಕಡೆಯ ಮನೆಗಳಲ್ಲಿ ಇನ್ನೂ ಇದೆ; ಹರಿಯುವ ತಣ್ಣೀರಿನ ಕೆಳಗೆ ಹತ್ತರಿಂದ ಇಪ್ಪತ್ತು ನಿಮಿಷ ಹಿಡಿಯಬೇಕೆಂದರೆ, ಅಷ್ಟು ಹೊತ್ತು ಸುಮ್ಮನೆ ನಿಲ್ಲುವುದು ಚಿಕಿತ್ಸೆಯೇ ಎಂದು ಮಕ್ಕಳಿಗೆ ಅನುಮಾನ. ಅದಕ್ಕಾಗಿ ಗಡಿಯಾರ ಹಿಡಿದು, ಸುಡದ ಕೈಯನ್ನೇ ನಲ್ಲಿಯ ಕೆಳಗೆ ಇರಿಸಿ, ಹತ್ತು ನಿಮಿಷ ಎಂದರೆ ಎಷ್ಟು ಎಂಬುದನ್ನು ತೋರಿಸುತ್ತೇನೆ. ಪಠ್ಯದಲ್ಲಿ ಇರಲಿ ಬಿಡಲಿ, ಗದ್ದೆಯ ಬಯಲಿನ ಮಕ್ಕಳಿಗೆ ಹಾವು ಕಡಿತದ ವಿಷಯವನ್ನು ಹೇಳದೆ ನಾನು ಮುಂದೆ ಹೋಗುವುದಿಲ್ಲ. ಬಿಗಿಯಾಗಿ ಕಟ್ಟಬಾರದು, ಕೊಯ್ಯಬಾರದು, ಬಾಯಿಂದ ಹೀರಬಾರದು; ಕಡಿತವಾದ ಕಾಲನ್ನು ಅಲುಗಿಸದೆ, ಕಡಿಸಿಕೊಂಡವರನ್ನು ನಡೆಸದೆ, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ತಡಮಾಡದೆ ಸಾಗಿಸಬೇಕು. ಎರಡು ಕೋಲು, ಒಂದು ಕಂಬಳಿಯಿಂದ ಡೋಲಿಯನ್ನು ಮಾಡುವ ಅಭ್ಯಾಸವನ್ನು ನಾವು ಇದರ ಜೊತೆಗೇ ಇಟ್ಟುಕೊಂಡಿದ್ದೇವೆ.

ಬೇಡನ್ ಪೊವೆಲ್ ಅವರ ಆರು ವ್ಯಾಯಾಮಗಳಿಗೆ ಪ್ರತ್ಯೇಕ ಸಮಯ ಬೇಕಿಲ್ಲ, ಬೆಳಗಿನ ಪ್ರಾರ್ಥನೆಯ ನಂತರ ಇಡೀ ಶಾಲೆಗೇ ಸ್ಕೌಟುಗಳು ಮಾಡಿಸುತ್ತಾರೆ. ಶಿಳ್ಳೆ ಮತ್ತು ಕೈಸನ್ನೆಗಳೂ ಆಟದಲ್ಲಿ ತಾವಾಗಿಯೇ ಬರುತ್ತವೆ.

ದ್ವಿತೀಯ ಸೋಪಾನದಲ್ಲಿ ಗಂಟು ಲ್ಯಾಶಿಂಗ್ ಆಗುತ್ತದೆ, ಅಂದರೆ ಎರಡು ಕೋಲುಗಳನ್ನು ಮೊಳೆಯಿಲ್ಲದೆ ಬಿಗಿಯುವ ಕಟ್ಟು. ನಿಂತ ಬಿದಿರಿಗೆ ಅಡ್ಡಬಿದಿರಿನ ಕೆಳಗೆ ಕ್ಲೋವ್ ಹಿಚ್ ಹಾಕಿ ಆರಂಭಿಸಿ, ಎರಡನ್ನೂ ಸೇರಿಸಿ ಮೂರು ನಾಲ್ಕು ಸುತ್ತು ಸುತ್ತಿ, ಆಮೇಲೆ ಬಿದಿರುಗಳ ನಡುವಿನಿಂದ ಆ ಸುತ್ತುಗಳನ್ನೇ ಹಿಸುಕುವಂತೆ ಎರಡು ಮೂರು ಸುತ್ತು ಎಳೆದು, ಅಡ್ಡಬಿದಿರಿಗೆ ಮತ್ತೆ ಕ್ಲೋವ್ ಹಿಚ್ ಹಾಕಿ ಮುಗಿಸಬೇಕು. ಗುಟ್ಟು ಇರುವುದೆಲ್ಲ ನಡುವಿನಿಂದ ಎಳೆಯುವ ಸುತ್ತುಗಳಲ್ಲಿ; ಹುಡುಗರು ಅವುಗಳನ್ನು ಸಡಿಲ ಬಿಡುತ್ತಾರೆ. ಕಾಲನ್ನು ಬಿದಿರಿಗೆ ಒದ್ದು ಹಿಡಿದು, ಇಡೀ ಮೈಭಾರ ಹಾಕಿ ಎಳೆಯಬೇಕು. ನಮ್ಮ ದಳದ ಮಕ್ಕಳು ಈ ವಿದ್ಯೆಯಿಂದ ಬಿಸಿಯೂಟದ ತಟ್ಟೆಗಳನ್ನು ತೊಳೆದು ಜೋಡಿಸುವ ಅಟ್ಟಣಿಗೆ ಕಟ್ಟಿದ್ದಾರೆ. ಅಡುಗೆಯವರು ಒಪ್ಪಿದರೆ ಪಾಸು, ತಟ್ಟೆಗಳ ಭಾರಕ್ಕೆ ಅಟ್ಟಣಿಗೆ ವಾಲಿದರೆ ಬಿಚ್ಚಿ ಮತ್ತೆ ಕಟ್ಟಬೇಕು. ಇವರಿಗಿಂತ ನಿಷ್ಠುರ ಪರೀಕ್ಷಕರನ್ನು ನಾನು ಕಂಡಿಲ್ಲ.

ಒಲೆ ಹೂಡಿ ಅಡುಗೆ ಮಾಡುವ ದಿನಕ್ಕೆ ಮಕ್ಕಳು ತಿಂಗಳ ಮೊದಲೇ ಲೆಕ್ಕ ಹಾಕುತ್ತಾರೆ. ಮೂರು ಕಲ್ಲು, ಗಾಳಿಗೆ ಎದುರಾಗಿ ಒಲೆಯ ಬಾಯಿ, ಕೆಳಗೆ ಒಣಗಿದ ತೆಂಗಿನ ಸಿಪ್ಪೆಯ ನಾರು, ಅದರ ಮೇಲೆ ಬೆರಳು ದಪ್ಪದ ಕಡ್ಡಿ, ಆಮೇಲೆ ಸೌದೆ. ಬೆಂಕಿಕಡ್ಡಿ ಎರಡಕ್ಕಿಂತ ಹೆಚ್ಚು ಕೇಳಬಾರದೆಂಬುದು ನಮ್ಮ ದಳದ ಕಟ್ಟಳೆ. ಮಂಡಕ್ಕಿ ಒಗ್ಗರಣೆಯನ್ನು ಮಾತ್ರ ನಾನು ನಿಷೇಧಿಸಿದ್ದೇನೆ. ನಮ್ಮ ಜಿಲ್ಲೆಯ ಮಕ್ಕಳಿಗೆ ಅದು ಕಣ್ಣುಮುಚ್ಚಿ ಬರುವ ತಿಂಡಿ, ಉರಿಯನ್ನು ಏರಿಸಿ ಇಳಿಸುವ ಪರೀಕ್ಷೆ ಅದರಲ್ಲಿಲ್ಲ. ಅನ್ನ ಮತ್ತು ಸಾರು ಮಾಡಬೇಕು, ಅನ್ನ ತಳ ಹಿಡಿಯಬಾರದು, ಊಟವಾದ ಮೇಲೆ ಬೂದಿಯ ಮೇಲೆ ಅಂಗೈ ಇಟ್ಟರೆ ಬಿಸಿ ತಾಗದಷ್ಟು ನೀರು ಹಾಕಿ ಆರಿಸಿರಬೇಕು.

ಹೈಕಿಗೆ, ಅಂದರೆ ಕಾಲ್ನಡಿಗೆಯ ಹೊರಸಂಚಾರಕ್ಕೆ, ನಾವು ಹೋಗುವುದು ಹರಿಹರ ತಾಲ್ಲೂಕಿನ ಕೊಂಡಜ್ಜಿಗೆ. ಗುಡ್ಡ, ಕೆರೆ, ಕಾಡು ಮೂರೂ ಇರುವ ಆ ಜಾಗದಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಕೇಂದ್ರವಿದೆ. ಮುಂದೆ ಹೋದ ಗುಂಪು ಕಲ್ಲು, ಕಡ್ಡಿ, ಹುಲ್ಲಿನ ಗಂಟುಗಳಿಂದ ಗುರುತು ಇಡುತ್ತ ಸಾಗುತ್ತದೆ, ಹಿಂದಿನವರು ಓದುತ್ತ ಬರುತ್ತಾರೆ. ವೃತ್ತದ ನಡುವೆ ಚುಕ್ಕೆ ಇಟ್ಟರೆ ‘ನಾನು ಮನೆಗೆ ಹೋಗಿದ್ದೇನೆ’ ಎಂದು ಅರ್ಥ. 1941ರಲ್ಲಿ ಕೀನ್ಯಾದಲ್ಲಿ ತೀರಿಕೊಂಡ ಬೇಡನ್ ಪೊವೆಲ್ ಅವರ ಸಮಾಧಿಯ ಮೇಲೂ ಅದೇ ಗುರುತಿದೆ ಎಂದು ಹೇಳಿದರೆ ಮಕ್ಕಳು ಆ ಒಂದನ್ನು ಎಂದೂ ಮರೆಯುವುದಿಲ್ಲ. ದಿಕ್ಕುಗಳ ಪಾಠಕ್ಕೆ ಅಲ್ಲಿನ ರಾತ್ರಿ ಒದಗುತ್ತದೆ. ಎಂಟು ದಿಕ್ಕು ಮನೆಯಲ್ಲೇ ಬಂದಿರುತ್ತದೆ, ಹದಿನಾರಕ್ಕೆ ಅವುಗಳ ನಡುನಡುವೆ ಉತ್ತರ-ಈಶಾನ್ಯ, ಪೂರ್ವ-ಈಶಾನ್ಯ ಎಂದು ಇಪ್ಪತ್ತೆರಡೂವರೆ ಡಿಗ್ರಿಗೆ ಒಂದರಂತೆ ಸೇರಿಸಬೇಕು. ಧ್ರುವ ನಕ್ಷತ್ರವನ್ನು ಹುಡುಗರು ನೆತ್ತಿಯ ಹತ್ತಿರ ಹುಡುಕುತ್ತಾರೆ, ಆದರೆ ನಮ್ಮ ಅಕ್ಷಾಂಶ ಹದಿನಾಲ್ಕೂವರೆ ಡಿಗ್ರಿಯ ಆಸುಪಾಸು ಇರುವುದರಿಂದ ಅದು ದಿಗಂತದಿಂದ ಅಷ್ಟೇ ಮೇಲೆ ಇರುತ್ತದೆ. ಚಾಚಿದ ತೋಳಿನ ಮುಷ್ಟಿ ಸುಮಾರು ಹತ್ತು ಡಿಗ್ರಿ ಅಗಲ, ಹಾಗಾಗಿ ಒಂದೂವರೆ ಮುಷ್ಟಿ ಮೇಲೆ ನೋಡಿದರೆ ಸಾಕು. ಬೇಸಿಗೆಯ ಸಂಜೆ ಸಪ್ತರ್ಷಿ ಮಂಡಲದ ಮೊದಲ ಎರಡು ನಕ್ಷತ್ರಗಳು ಅದರತ್ತ ಬೊಟ್ಟು ಮಾಡುತ್ತವೆ. ಚಳಿಗಾಲದಲ್ಲಿ ಶಿಬಿರ ಬಿದ್ದರೆ ಕ್ಯಾಸಿಯೋಪಿಯಾ ನಕ್ಷತ್ರಪುಂಜವನ್ನು ಹಿಡಿದು ಹೋಗಬೇಕು.

ಪರೀಕ್ಷೆಯನ್ನು ನಾನು ಒಂದೇ ದಿನ ಇಡುವುದಿಲ್ಲ. ದಳದೊಳಗಿನ ಆರರಿಂದ ಎಂಟು ಮಕ್ಕಳ ಚಿಕ್ಕ ತಂಡಕ್ಕೆ ಪೆಟ್ರೋಲ್ ಎನ್ನುತ್ತೇವೆ; ಅದರಲ್ಲಿ ಮೊದಲು ತಂಡದ ನಾಯಕನಾದ ಪೆಟ್ರೋಲ್ ಲೀಡರ್ ನೋಡುತ್ತಾನೆ. ಅವನಿಗೆ ತೃಪ್ತಿಯಾದರೆ ನನ್ನ ಬಳಿಗೆ ಕಳುಹಿಸುತ್ತಾನೆ. ನಾನು ಹೆಸರು ಹೇಳಿ ಗಂಟು ಕೇಳುವ ಬದಲು ಕೆಲಸ ಹೇಳುತ್ತೇನೆ: ‘ಈ ಕೊಡವನ್ನು ಬಾವಿಗೆ ಇಳಿಸು’, ‘ಇವನ ಮೊಣಕೈ ಬಾತಿದೆ ಅಂದುಕೋ’. ಕೆಲಸ ಆದ ಮೇಲೆಯೇ ಸಹಿ. ಹೀಗೆ ಮಾಡುವುದರಿಂದ ಪಕ್ಕದ ಶಾಲೆಗಳಿಗಿಂತ ನಮ್ಮ ಮಕ್ಕಳು ಕೆಲವೊಮ್ಮೆ ತಡವಾಗಿ ಸೋಪಾನ ಮುಗಿಸುತ್ತಾರೆ. ಸಿಇಟಿ ಪ್ರವೇಶದ ವಿಶೇಷ ಪ್ರವರ್ಗಗಳಲ್ಲಿ, ರೈಲ್ವೆಯ ನೇಮಕಾತಿಯಲ್ಲಿ ಸ್ಕೌಟುಗಳಿಗೆ ಅವಕಾಶವಿರುವುದನ್ನು ತಿಳಿದ ತಂದೆತಾಯಿಯರು ‘ಮೇಷ್ಟ್ರೇ, ಸರ್ಟಿಫಿಕೇಟ್ ಯಾವಾಗ ಬರುತ್ತದೆ?’ ಎಂದು ಕೇಳುತ್ತಾರೆ. ಕೇಳುವುದು ತಪ್ಪಲ್ಲ. ಆದರೆ ಮುಂದಿನ ಹಂತಗಳಲ್ಲಿ ಹೊರಗಿನ ಪರೀಕ್ಷಕರು ಶಿಬಿರದಲ್ಲಿ ಕುಳಿತು ಇದೇ ಕೆಲಸಗಳನ್ನು ಮಾಡಿಸಿ ನೋಡುತ್ತಾರೆ, ಆಗ ನನ್ನ ಸಹಿ ಮಗುವಿನ ನೆರವಿಗೆ ಬರುವುದಿಲ್ಲ ಎಂದು ಹೇಳಿ ಕಳುಹಿಸುತ್ತೇನೆ.

ತೃತೀಯ ಸೋಪಾನಕ್ಕೆ ಸಿದ್ಧವಾಗುತ್ತಿರುವವರಿಗೆ ಈಗ ನಾಲೆಯ ಪಾಠ ನಡೆಯುತ್ತಿದೆ. ಈಜು ಬಲ್ಲವರಿದ್ದರೂ ನಾನು ಯಾರನ್ನೂ ನಾಲೆಗೆ ಇಳಿಸುವುದಿಲ್ಲ. ನೀರಿನ ಸೆಳೆತ ಜೋರು, ಪಾಚಿ ಕಟ್ಟಿದ ಇಳಿಜಾರು ಗೋಡೆಯಲ್ಲಿ ಕಾಲೂರಲು ಆಗುವುದಿಲ್ಲ. ಬಿದ್ದವರನ್ನು ದಡದಿಂದಲೇ ಹಗ್ಗ ಎಸೆದು ಎಳೆಯುವುದನ್ನು ಶಾಲೆಯ ಮೈದಾನದಲ್ಲಿ ಕಲಿಸುತ್ತೇನೆ. ತುದಿಗೆ ಎಳೆದರೂ ಅಳತೆ ಬದಲಾಗದ ಬೋಲೈನ್ ಕುಣಿಕೆ ಇರಬೇಕು, ಅದು ಎಳೆದಷ್ಟೂ ಬಿಗಿಯುವ ಜಾರುಗುಣಿಕೆಯಾಗಿರಬಾರದು. ಹಗ್ಗವನ್ನು ಸುರುಳಿಯಾಗಿ ಸುತ್ತಿ ಅರ್ಧವನ್ನು ಎಸೆಯುವ ಕೈಯಲ್ಲಿ, ಅರ್ಧವನ್ನು ಇನ್ನೊಂದರಲ್ಲಿ ಹಿಡಿದು, ಬಿದ್ದವನ ತಲೆಯಿಂದ ಆಚೆಗೆ ಬೀಳುವಂತೆ ಎಸೆಯಬೇಕು. ಎಳೆಯುವವನು ಕುಳಿತು ಹಿಮ್ಮಡಿ ಊರಿರಬೇಕು, ಹಗ್ಗವನ್ನು ತನ್ನ ಸೊಂಟಕ್ಕೆ ಕಟ್ಟಿಕೊಳ್ಳಕೂಡದು, ಹಿಂದೆ ಇಬ್ಬರಾದರೂ ಅವನನ್ನು ಹಿಡಿದಿರಬೇಕು. ಸುಣ್ಣದ ಎರಡು ಗೆರೆಗಳ ನಡುವಿನ ಜಾಗವನ್ನೇ ನಾಲೆ ಎಂದು ಭಾವಿಸಿ, ಓಡುತ್ತಿರುವ ಹುಡುಗನ ಮುಂದೆ ಹಗ್ಗ ಬೀಳಿಸುವ ಈ ಅಭ್ಯಾಸಕ್ಕೆ ದಳದಲ್ಲಿ ಇಲ್ಲದ ಮಕ್ಕಳೂ ಸಂಜೆ ಬಂದು ಸಾಲು ನಿಲ್ಲುತ್ತಾರೆ, ಅವರಿಗೂ ಕಲಿಸುತ್ತಿದ್ದೇವೆ.