ರೇಡಿಯೋ ಹಚ್ಚಿ ಸಿಎನ್‌ಸಿ ರಿಪೇರಿ ಮಾಡಿದ್ದು

"ತಮ್ಮಾ, ರೇಡಿಯೋ ಹಚ್ಚಿ ಮಷಿನ್ ರಿಪೇರಿ ಮಾಡೋದು ಯಾವ ಊರಾಗ ಐತೋ?" ಅಂತ ಬಡಿಗೇರ ಕಾಕಾ ನಕ್ಕಿದ್ದರು. ಹುಬ್ಬಳ್ಳಿಯ ಬಿಡಿಭಾಗದ ವ್ಯಾಪಾರಿ ಫೋನಿನಲ್ಲೇ ನಕ್ಕಿದ್ದ. ಕಳೆದ ತಿಂಗಳು ಅದೇ ಕಾಕಾನ ಆರ್ಡರಿನ ಗಜಲಕ್ಷ್ಮಿ ಬಾಗಿಲು ನನ್ನ ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಕಟ್ಟಿಗೆ ಕೆತ್ತುವ) ಮಷಿನ್ ಮೇಲೆ ಹನ್ನೊಂದು ತಾಸು ಎಲ್ಲೂ ನಿಲ್ಲದೆ ಓಡಿತು. ಈಗ ಬರೆಯಲು ನನಗೆ ಹಕ್ಕು ಬಂತು.

ನಾನು ಕೊಪ್ಪಳದಲ್ಲಿ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಮಾಡುವವನು, ಹದಿನೆಂಟು ವರ್ಷ ಆಯಿತು. ಬೇಸಿಗೆಯಲ್ಲಿ ಬೋರ್‌ವೆಲ್ ಮೋಟಾರ್ ಸುಟ್ಟು ಸಾಲುಗಟ್ಟಿ ಬರುತ್ತವೆ, ಮಳೆ ಹಿಡಿದರೆ ಅಂಗಡಿಯಲ್ಲಿ ನೊಣ ಹೊಡೆಯಬೇಕು. ಆ ಖಾಲಿ ತಿಂಗಳುಗಳಿಗೆಂದೇ ಕಟ್ಟಿದ್ದು ಈ ಕೆತ್ತನೆ ಮಷಿನ್ (ರೌಟರ್). ನಾಲ್ಕಡಿ ಮೂರಡಿ ಬೆಡ್, ಬಳ್ಳಾರಿಯ ಗುಜರಿಯಿಂದ ತಂದ ಚೌಕ ಪೈಪ್, 1605 ಬಾಲ್ ಸ್ಕ್ರೂ (ಒಂದು ಸುತ್ತಿಗೆ ಐದು ಮಿಲಿಮೀಟರ್ ಸರಿಸುವ ತಿರುಪು), ಹೆಜ್ಜೆ ಹೆಜ್ಜೆಯಾಗಿ ತಿರುಗುವ ನೆಮಾ 23 ಸ್ಟೆಪ್ಪರ್ ಮೋಟಾರ್ ನಾಲ್ಕು (ಹಿಂದೆ ಮುಂದೆ ಒಯ್ಯುವ ವೈಗೆ ಎರಡು, ಅಡ್ಡ ಒಯ್ಯುವ ಎಕ್ಸ್‌ಗೆ ಒಂದು, ಮೇಲೆ ಕೆಳಗೆ ಒಯ್ಯಲು ಒಂದು), ಅವನ್ನು ಓಡಿಸುವ ಡಿಎಂ 542 ಡ್ರೈವರ್, 36 ವೋಲ್ಟ್ ಪವರ್ ಸಪ್ಲೈ (ಎಸ್‌ಎಂಪಿಎಸ್), 2.2 ಕಿಲೋವ್ಯಾಟ್ ನೀರಿನ ಸ್ಪಿಂಡಲ್ (ಕೆತ್ತುವ ಬಿಟ್ ತಿರುಗಿಸುವ, ನೀರಿನಿಂದ ತಣಿಯುವ ಮೋಟಾರ್), ಅದರ ವೇಗ ಹಿಡಿತದಲ್ಲಿಡಲು ಒಂದು ವಿಎಫ್‌ಡಿ. ಪ್ಯಾರಲಲ್ ಪೋರ್ಟ್ ಇರುವ ಹಳೇ ಕಂಪ್ಯೂಟರಿನಲ್ಲಿ ಮಷಿನ್ ಓಡಿಸುವ ಸಾಫ್ಟ್‌ವೇರ್ ಮ್ಯಾಕ್ 3. ಎಲ್ಲ ಸೇರಿ ಒಂದು ಲಕ್ಷ ಅರವತ್ತು ಸಾವಿರದ ಆಸುಪಾಸು. ಲೆಕ್ಕ ಬರೆದಿಟ್ಟ ಪುಸ್ತಕ ಹೆಂಡತಿಯ ಕೈಗೆ ಸಿಕ್ಕ ಮೇಲೆ ಬರೆಯುವುದನ್ನೇ ಬಿಟ್ಟೆ.

ಮೊದಲ ರೋಗ ಹೀಗಿತ್ತು. ಮಷಿನ್ ಖಾಲಿ ಓಡಿಸಿದರೆ ದಿನವಿಡೀ ಓಡುತ್ತದೆ. ಸ್ಪಿಂಡಲ್ ಹಚ್ಚಿ ಕಟ್ಟಿಗೆಗೆ ಬಿಟ್ಟರೆ ಇಪ್ಪತ್ತು ನಿಮಿಷಕ್ಕೋ ನಲವತ್ತು ನಿಮಿಷಕ್ಕೋ "ಲಿಮಿಟ್ ಸ್ವಿಚ್ ಟ್ರಿಗರ್ಡ್" ಎಂದು ನಿಲ್ಲುತ್ತದೆ. ಅಂಚಿಗೆ ತಾಗಿದರೆ ಮಷಿನ್ ನಿಲ್ಲಿಸುವ ಆ ಸ್ವಿಚ್ಚಿನ ಹತ್ತಿರ ಯಾರೂ ಇಲ್ಲ, ಸ್ಪಿಂಡಲ್ ಹೊತ್ತ ಗ್ಯಾಂಟ್ರಿ ಬೆಡ್ಡಿನ ನಟ್ಟನಡುವೆ ಇದೆ. ಇದರ ಜೊತೆಗೆ ಬಲಗಡೆಯ ವೈ ಮೋಟಾರ್ ಆಗಾಗ ಗುರ್ ಎಂದು ನಡುಗಿ ಒಂದು ಕಡೆ ಹಿಂದೆ ಬೀಳುತ್ತಿತ್ತು.

ಮೋಟಾರ್ ಸುತ್ತುವವನ ಕಣ್ಣಿಗೆ ಎಲ್ಲ ರೋಗವೂ ಮೋಟಾರಿನದೇ. ಬಲಗಡೆಯ ಮೋಟಾರ್ ಬಿಚ್ಚಿ, ವೈಂಡಿಂಗ್ ನೋಡೋಣ ಎಂದು ರೋಟರ್ ಹೊರಗೆಳೆದೆ. ಈ ತಪ್ಪನ್ನು ನೀವು ಮಾಡಬೇಡಿ. ಸ್ಟೆಪ್ಪರಿನ ರೋಟರಿನಲ್ಲಿ ಆಯಸ್ಕಾಂತ ಇದೆ. ಸ್ಟೇಟರಿನಿಂದ ಹೊರಗೆ ಬಂದ ಕೂಡಲೇ ಅದರ ಬಲ ಇಳಿಯುತ್ತದೆ, ಮತ್ತೆ ಒಳಗೆ ಕೂರಿಸಿದರೂ ಮರಳಿ ಬರುವುದಿಲ್ಲ. ವೈಂಡಿಂಗ್ ಸರಿಯಾಗಿಯೇ ಇತ್ತು, ಕಾಯಿಲ್ ಒಂದಕ್ಕೆ ಹೆಚ್ಚೂಕಡಿಮೆ ಒಂದು ಓಮ್. ಜೋಡಿಸಿದ ಮೇಲೆ ಅದೇ ಮೋಟಾರಿನ ಶಾಫ್ಟನ್ನು ಎರಡು ಬೆರಳಲ್ಲಿ ಹಿಡಿದು ನಿಲ್ಲಿಸುವಂತಾಯಿತು. ಸಾವಿರಾರು ಮೋಟಾರ್ ಬಿಚ್ಚಿದ ಕೈ ಅಂತ ಜಂಬ ಇತ್ತಲ್ಲ, ಮೂರು ಸಾವಿರದ ಇನ್ನೂರು ಹೋಯಿತು. ಹೊಸ ಮೋಟಾರ್ ಹಾಕಿದೆ. ಗುರ್ ಅನ್ನುವುದು ನಿಲ್ಲಲಿಲ್ಲ.

ಎರಡನೇ ಪೆದ್ದುತನ ಇನ್ನೂ ದೊಡ್ಡದು. ಮೋಟಾರಿನ ಹೊರಮೈಗೆ ಲೀಕೇಜ್ ಇರಬಹುದೆಂದು ಎಕ್ಸ್ ಮೋಟಾರಿಗೆ 500 ವೋಲ್ಟಿನ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹಿಡಿದೆ. ಬೋರ್‌ವೆಲ್ ಮೋಟಾರಿಗೆ ದಿನಾ ಹಿಡಿಯುವುದೇ ಅಲ್ಲವೇ. ಡ್ರೈವರಿನ ತುದಿ ಬಿಚ್ಚಿಯೇ ಇರಲಿಲ್ಲ. ಸದ್ದಿಲ್ಲ, ಹೊಗೆ ಇಲ್ಲ, ಆದರೆ ಡ್ರೈವರ್ ಸತ್ತಿತ್ತು. ಇನ್ನೊಂದು ಎರಡು ಸಾವಿರ.

ಆಮೇಲೆ ಅನುಮಾನ ಕರೆಂಟಿನ ಕಡೆ ತಿರುಗಿತು. ಪಕ್ಕದ ಹಿಟ್ಟಿನ ಗಿರಣಿ ಶುರುವಾದರೆ ನಮ್ಮ ಲೈಟು ಕಣ್ಣು ಮಿಟುಕಿಸುತ್ತದೆ. ನಾಲ್ಕೂವರೆ ಸಾವಿರದ ಸ್ಟೆಬಿಲೈಜರ್ ತಂದೆ. ಅದೀಗ ಮನೆಯ ಫ್ರಿಜ್ಜಿಗೆ ಚೆನ್ನಾಗಿ ಕೆಲಸ ಮಾಡುತ್ತಿದೆ. ಹುಬ್ಬಳ್ಳಿಯ ವ್ಯಾಪಾರಿ "ನಾಲ್ಕೂ ಕ್ಲೋಸ್ಡ್ ಲೂಪ್ ಹಾಕಿಬಿಡ್ರಿ ಅಣ್ಣಾರ, ಇಪ್ಪತ್ತೆಂಟು ಸಾವಿರಕ್ಕ ಮುಗೀತು" ಅಂದ, ಹೆಜ್ಜೆ ತಪ್ಪಿದರೆ ತಾವೇ ತಿದ್ದಿಕೊಳ್ಳುವ ಮೋಟಾರುಗಳು ಅವು. ಮುಗಿಯುತ್ತಿದ್ದದ್ದು ನಾನು. ಮ್ಯಾಕ್ 3ರಲ್ಲಿ ಡಿಬೌನ್ಸ್ (ಸ್ವಿಚ್ಚಿನ ಕ್ಷಣಮಾತ್ರದ ಸುಳ್ಳು ಸಿಗ್ನಲ್ ಕಡೆಗಣಿಸುವ ಸೆಟ್ಟಿಂಗ್) ಎರಡು ಸಾವಿರಕ್ಕೆ ಏರಿಸಿದೆ. ಇಪ್ಪತ್ತು ನಿಮಿಷಕ್ಕೆ ಬರುತ್ತಿದ್ದ ಅಲಾರಂ ಎರಡು ತಾಸಿಗೆ ಬರತೊಡಗಿತು. ಇದು ಇನ್ನೂ ಕೆಟ್ಟದ್ದು, ಯಾಕೆಂದರೆ ಎರಡು ತಾಸಿನ ಹೊತ್ತಿಗೆ ಕಟ್ಟಿಗೆ ಅರ್ಧ ಕೆತ್ತಿ ಆಗಿರುತ್ತದೆ. ಸಾಗವಾನಿಯ ಒಂದು ಹಲಗೆ ಹಾಗೇ ಹಾಳಾಯಿತು, ಆರೂವರೆ ಸಾವಿರದ್ದು. ಗವಿಸಿದ್ಧಜ್ಜನ ಜಾತ್ರೆಯೊಳಗೆ ಬಾಗಿಲು ಕೊಡುತ್ತೇನೆ ಎಂದಿದ್ದೆ. ಜಾತ್ರೆಯೂ ಮುಗಿಯಿತು, ತೇರೂ ಮನೆಗೆ ಹೋಯಿತು.

ರೇಡಿಯೋ ಹೊಳೆದದ್ದು ಜಾಣತನದಿಂದಲ್ಲ. ಅಪ್ಪನ ಹಳೇ ಟ್ರಾನ್ಸಿಸ್ಟರ್ ಅಂಗಡಿಯಲ್ಲಿ ಧಾರವಾಡ ಹಾಡುತ್ತಿತ್ತು, ಮೀಡಿಯಂ ವೇವ್ 765. ಸ್ಪಿಂಡಲ್ ಹಚ್ಚಿದೆ, ಧಾರವಾಡ ಸತ್ತುಹೋಗಿ ಬರೀ ಗೊಯ್ ಅನ್ನತೊಡಗಿತು. ಆರಿಸಿದೆ, ಧಾರವಾಡ ಬಂತು. ಇದು ಮೊದಲಿಂದಲೂ ಹೀಗೇ ಆಗುತ್ತಿತ್ತು, ನಾನು ಬೈದು ಬಂದ್ ಮಾಡುತ್ತಿದ್ದೆ ಅಷ್ಟೆ. ಅವತ್ತು ಬಂದ್ ಮಾಡದೆ ರೇಡಿಯೋ ಕೈಯಲ್ಲಿ ಹಿಡಿದು ಮಷಿನ್ ಸುತ್ತ ನಡೆದೆ. ವಿಎಫ್‌ಡಿ ಹತ್ತಿರ ಜೋರು, ಅದು ಗೊತ್ತಿದ್ದದ್ದೇ. ತಂತಿಗಳನ್ನು ಹೊತ್ತು ಗ್ಯಾಂಟ್ರಿಯ ಜೊತೆ ಬಾಗುವ ಡ್ರ್ಯಾಗ್ ಚೈನಿನುದ್ದಕ್ಕೂ ಜೋರು. ಲಿಮಿಟ್ ಸ್ವಿಚ್ಚಿನ ತಂತಿ ಕಂಪ್ಯೂಟರಿನ ಹತ್ತಿರ ಬಂದು ಸೇರುವಲ್ಲಿ, ಸ್ಪಿಂಡಲಿನಿಂದ ಏಳೆಂಟು ಅಡಿ ದೂರದಲ್ಲಿ, ಅಷ್ಟೇ ಜೋರು! ಗದ್ದಲ ತಂತಿ ಹಿಡಿದುಕೊಂಡು ಅಲ್ಲಿವರೆಗೆ ನಡೆದು ಹೋಗಿತ್ತು. (ಎಫ್‌ಎಂ ಹಚ್ಚಬೇಡಿ, ಅದರಲ್ಲಿ ಏನೂ ಕೇಳುವುದಿಲ್ಲ. ಮೀಡಿಯಂ ವೇವೇ ಬೇಕು, ಸ್ಟೇಷನ್ ಸಣ್ಣಗೆ ಬರುವ ಜಾಗದಲ್ಲಿ ಮುಳ್ಳು ನಿಲ್ಲಿಸಿದರೆ ಇನ್ನೂ ಚೆನ್ನ.)

ನೋಡಲು ಚಂದ ಇರಲಿ ಎಂದು ನಾನೇ ಸ್ಪಿಂಡಲಿನ ಕೇಬಲ್ ಮತ್ತು ಲಿಮಿಟ್ ತಂತಿಗಳನ್ನು ಒಂದೇ ಚೈನಿನಲ್ಲಿ ಹಾಕಿ ಟೈ ಹೊಡೆದು ಜಡೆ ಹೆಣೆದಂತೆ ಕಟ್ಟಿದ್ದೆ. ಎಲ್ಲ ಕಿತ್ತೆ. ಸ್ಪಿಂಡಲಿಗೆ ಶೀಲ್ಡ್ (ಗದ್ದಲ ತಡೆಯುವ ಲೋಹದ ಹೊದಿಕೆ) ಇರುವ ನಾಲ್ಕು ಕೋರಿನ ಕೇಬಲ್, ಮೀಟರಿಗೆ ಇನ್ನೂರರ ಹತ್ತಿರ ಬಿತ್ತು, ಒಂಬತ್ತು ಮೀಟರ್. ಹಚ್ಚುವ ಮುಂಚೆ ಸ್ಪಿಂಡಲಿನ ಮುಚ್ಚಳ ತೆಗೆದು ನೋಡಿದರೆ ನಾಲ್ಕನೇ ಪಿನ್ನಿಗೆ ಒಳಗೆ ಏನೂ ಸೇರಿಸಿಯೇ ಇಲ್ಲ. ಅಂದರೆ ಇಷ್ಟು ದಿನ ಸ್ಪಿಂಡಲಿನ ಹೊರಮೈಗೆ ಅರ್ಥ್ ಇರಲೇ ಇಲ್ಲ. ನಿಮ್ಮದನ್ನೂ ಒಮ್ಮೆ ಬಿಚ್ಚಿ ನೋಡಿ. ಪಿನ್ನಿನಿಂದ ಹೊರಮೈಗೆ ಒಂದು ತಂತಿ ಹಾಕಿದೆ.

ಅರ್ಥಿನ ಮಾತು ಬಂತು. ಫೇಸ್ ಮತ್ತು ಅರ್ಥ್ ನಡುವೆ ನೂರು ವ್ಯಾಟಿನ ಬಲ್ಬ್ ಹಿಡಿದರೆ ನನ್ನ ಅಂಗಡಿಯಲ್ಲಿ ಊದಿನಕಡ್ಡಿಯ ಕೆಂಡದಷ್ಟು ಕೆಂಪು. ಊರಿಗೆಲ್ಲ ಅರ್ಥಿಂಗ್ ಉಪದೇಶ ಮಾಡುವವನ ಅಂಗಡಿ ಇದು. ಗುಂಡಿ ಒಣಗಿ ಕಲ್ಲಾಗಿತ್ತು. ಹೊಸ ಗುಂಡಿ ತೋಡಿಸಿ ಜಿಐ ಪೈಪ್, ಇದ್ದಿಲು, ಉಪ್ಪು ತುಂಬಿಸಿದೆ, ಎರಡೂವರೆ ಸಾವಿರ. ವಾರಕ್ಕೆರಡು ಕೊಡ ನೀರು ಹಾಕುವುದು ಮಗನ ಕೆಲಸ. ಲಿಮಿಟ್ ಸ್ವಿಚ್ಚುಗಳನ್ನು 5 ವೋಲ್ಟಿನಿಂದ 24ಕ್ಕೆ ಏರಿಸಿ, ನಡುವೆ ಬೆಳಕಿನಿಂದ ಸಿಗ್ನಲ್ ದಾಟಿಸುವ ಆಪ್ಟೋ ಬೋರ್ಡ್ ಹಾಕಿ, ಎಲ್ಲ ಎನ್‌ಸಿ (ಒತ್ತದಿದ್ದಾಗ ಕೂಡಿಕೊಂಡಿರುವ ಬಗೆ) ಮಾಡಿದೆ. ಶೀಲ್ಡ್ ಕಟ್ಟಿದ್ದು ಪ್ಯಾನೆಲ್ ಕಡೆ ಮಾತ್ರ. ಎಸ್‌ಎಂಪಿಎಸ್ಸಿನ ಮೈನಸ್ಸನ್ನು ಎಲ್ಲಿ ಸೇರಿಸಿದೆ, ವಿಎಫ್‌ಡಿಯ ಕ್ಯಾರಿಯರ್ ಫ್ರೀಕ್ವೆನ್ಸಿ ಎಷ್ಟಕ್ಕೆ ಇಟ್ಟೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅಂಗಡಿಗೆ ಬನ್ನಿ, ಮಿರ್ಚಿ ಮಂಡಕ್ಕಿ ನಿಮ್ಮ ಖರ್ಚು, ತೋರಿಸುವುದು ನನ್ನದು.

ಒಂದೊಂದು ಕೆಲಸ ಮುಗಿದಾಗಲೂ ರೇಡಿಯೋ ಹಚ್ಚಿದೆ. ಕೇಬಲ್ ಬದಲಿಸಿದಾಗ ಧಾರವಾಡ ಗದ್ದಲದ ಹಿಂದೆ ಗೊಣಗಿತು. ಅರ್ಥ್ ಆದಾಗ ವಾರ್ತೆ ಓದುವವರ ಮಾತು ತಿಳಿಯಿತು. ಕೊನೆಗೆ ಸ್ಪಿಂಡಲ್ 18 ಸಾವಿರ ಸುತ್ತಿನಲ್ಲಿ ತಿರುಗುತ್ತಿರುವಾಗಲೇ ಕೃಷಿರಂಗ ಕೇಳಿಸಿಕೊಂಡೆ. ಅಲಾರಂ ಅವತ್ತಿನಿಂದ ಬಂದಿಲ್ಲ. ಡಿಬೌನ್ಸನ್ನೂ ಇಳಿಸಿದ್ದೇನೆ.

ವೈ ಮೋಟಾರಿನ ಗುರ್ ಬೇರೆ ಕಥೆ. ಮನೆ ವೈರಿಂಗಿನ ತಂತಿ ಉಳಿದಿತ್ತು ಎಂದು ಚೈನಿನಲ್ಲಿ ಅದನ್ನೇ ಹಾಕಿದ್ದೆ. ಬಾಗಿ ಬಾಗಿ ತಾಮ್ರ ಒಳಗೇ ಮುರಿದು, ಮೇಲಿನ ಪಿವಿಸಿ ಮಾತ್ರ ಹಿಡಿದುಕೊಂಡಿತ್ತು. ಮೀಟರ್ ಹಿಡಿದರೆ ಬೀಪ್ ಅನ್ನುತ್ತದೆ, ಒಂದು ಎಳೆ ತಾಗಿದರೂ ಅದಕ್ಕೆ ಸಾಕು. ಎರಡೂ ತುದಿ ಬಿಚ್ಚಿ, 12 ವೋಲ್ಟಿನ ಬ್ಯಾಟರಿ ಮತ್ತು ಬೈಕಿನ ಬಲ್ಬನ್ನು ಆ ತಂತಿಯ ಸಾಲಿಗೆ ಹಾಕಿ, ಗ್ಯಾಂಟ್ರಿಯನ್ನು ಕೈಯಿಂದ ನಿಧಾನ ತಳ್ಳಿದೆ. ಒಂದೇ ಜಾಗದಲ್ಲಿ ಬಲ್ಬ್ ಕಣ್ಣು ಮುಚ್ಚಿತು. ಪವರ್ ಇರುವಾಗ ಹೀಗೆ ತಂತಿ ಬಿಟ್ಟು ಬಿಟ್ಟು ಸೇರಿದರೆ ಡ್ರೈವರೇ ಹೋಗುತ್ತದೆ, ನನ್ನದು ಉಳಿದದ್ದು ಗವಿಸಿದ್ಧಜ್ಜನ ದಯೆ.

ಇನ್ನು ಮುಗಿಯಿತು ಅಂದುಕೊಂಡರೆ ಎಕ್ಸ್ ಜರುಗತೊಡಗಿತು. ಹೂವಿನ ಎಸಳು ಮೂರು ಮಿಲಿಮೀಟರ್ ಆಚೆ. ಹೆಂಡತಿಯ ನೇಲ್ ಪಾಲಿಶಿನಿಂದ ಶಾಫ್ಟ್ ಮತ್ತು ಕಪ್ಲಿಂಗ್ ಮೇಲೆ ಗೆರೆ ಎಳೆದೆ, ಗೆರೆ ಕದಲಲಿಲ್ಲ. ಡಯಲ್ ಗೇಜ್ ಇಟ್ಟು ಕಟ್ಟಿಗೆ ಇಲ್ಲದೆ ಹತ್ತು ಮಿಲಿಮೀಟರ್ ಹಿಂದೆ ಮುಂದೆ ಐನೂರು ಸಲ ಓಡಿಸಿದೆ. ಮೂರು ಮಿಲಿಮೀಟರಿಗೆ ಚೂರು ಹೆಚ್ಚು ತಪ್ಪಿತ್ತು. ಉದ್ದ ಓಟ ಓಡಿಸಿದರೆ ತಪ್ಪೇ ಇಲ್ಲ. ಅಂದರೆ ತಿರುಗಿದಾಗ ಮಾತ್ರ ತಪ್ಪುತ್ತಿದೆ. ಐನೂರು ಸಲ ಹೋಗಿ ಬಂದರೆ ಸಾವಿರ ತಿರುವು. ನನ್ನ ಮಷಿನಿಗೆ 1600 ಹೆಜ್ಜೆಗೆ ಐದು ಮಿಲಿಮೀಟರ್, ಒಂದು ಹೆಜ್ಜೆ ಅಂದರೆ 0.003. ತಿರುವಿಗೊಂದು ಹೆಜ್ಜೆ, ಲೆಕ್ಕ ಕೂಡಿ ಬಂತು!

ಮೆಗ್ಗರಿನಿಂದ ಕೊಂದ ಡ್ರೈವರ್ ನೆನಪಿದೆಯಲ್ಲ. ಅದರ ಜಾಗಕ್ಕೆ ಬಂದದ್ದನ್ನು ಗಡಿಬಿಡಿಯಲ್ಲಿ ಉಲ್ಟಾ ಕಟ್ಟಿದ್ದೆ. ಉಳಿದವಕ್ಕೆ ಮೈನಸ್ ಕಾಮನ್, ಇದಕ್ಕೆ ಪ್ಲಸ್ ಕಾಮನ್. ಆಗ ಎಕ್ಸ್ ಉಲ್ಟಾ ದಿಕ್ಕಿಗೆ ಓಡಿತು. ಯಾಕೆಂದು ಕೇಳದೆ ಮ್ಯಾಕ್ 3ರಲ್ಲಿ ದಿಕ್ಕಿನ ಸಿಗ್ನಲ್ ಉಲ್ಟಾ ಮಾಡುವ ಡೈರೆಕ್ಷನ್ ಲೋ ಆಕ್ಟಿವ್ ಒತ್ತಿ ಸುಮ್ಮನಾಗಿದ್ದೆ. ಪಕ್ಕದಲ್ಲೇ ಹೆಜ್ಜೆಯ ಸಿಗ್ನಲ್ ಉಲ್ಟಾ ಮಾಡುವ ಸ್ಟೆಪ್ ಲೋ ಆಕ್ಟಿವ್ ಇತ್ತು, ಅದನ್ನೂ ಒತ್ತಬೇಕಿತ್ತು. ಒತ್ತಿದೆ. ಐನೂರು ಸಲ ಓಡಿಸಿದೆ, ಡಯಲಿನ ಮುಳ್ಳು ಸೊನ್ನೆಗೇ ಬಂತು. ಖರ್ಚು: ಮೌಸಿನ ಒಂದು ಕ್ಲಿಕ್.

ನಡುವೆ ಒಂದೆರಡು ಅಡ್ಡ ಪ್ರಯೋಗ ಮಾಡಿದೆ. ಏಪ್ರಿಲ್‌ನಲ್ಲಿ ಸ್ಪಿಂಡಲಿನ ಬಕೆಟ್ ನೀರು ಮಧ್ಯಾಹ್ನಕ್ಕೆ ಸ್ನಾನದ ನೀರಾಗುತ್ತದೆ. ಬಕೆಟ್ ಬಿಟ್ಟು ಮಣ್ಣಿನ ಹರವಿಯಲ್ಲಿ ಪಂಪ್ ಇಟ್ಟೆ, ಐದಾರು ಡಿಗ್ರಿ ಕಡಿಮೆ ನಿಂತಿತು. ಹರವಿ ಬೆವರುತ್ತದೆ, ಮರಳಿನ ಮೇಲೆ ಇಡಿ, ಪ್ಯಾನೆಲ್ಲಿನಿಂದ ದೂರ ಇಡಿ. ಕಿನ್ನಾಳದ ಗೊಂಬೆಗೆ ಆನೆಯ ಒರಟು ಆಕಾರವನ್ನೂ ಕೆತ್ತಿಕೊಟ್ಟು ನೋಡಿದೆ. ಆ ಹಗುರ ಕಟ್ಟಿಗೆಗೆ ನನ್ನ ಮಷಿನ್ನಿನ ಬಿಟ್ ನಾರು ಎಬ್ಬಿಸುತ್ತದೆ. ಅಲ್ಲಿಯ ಹಿರಿಯರೊಬ್ಬರು ತಿರುಗಿಸಿ ನೋಡಿ "ಉಳಿ ಹಿಡಿದ್ರ ಇಷ್ಟೊತ್ತಿಗೆ ಎರಡು ಆನಿ ಆಕ್ಕಿದ್ದವು" ಅಂದರು. ವಾಪಸ್ ಬಂದೆ.

ಇನ್ನೊಂದು ನಮ್ಮ ಕಡೆಯ ಕರಿ ಧೂಳು. ಪ್ಯಾನೆಲ್ಲಿನ ಫ್ಯಾನ್ ಅದನ್ನು ಒಳಗೆಳೆದು ಟರ್ಮಿನಲ್ ಮೇಲೆ ಮಸಿಯಂತೆ ಕೂರಿಸುತ್ತದೆ. ಎಲ್ಲ ತಂತಿ ಬಿಚ್ಚಿ (ಈ ಸಲ ನಿಜವಾಗಿ ಬಿಚ್ಚಿ) ಖಾಲಿ ಪಟ್ಟಿಗೆ ಮೆಗ್ಗರ್ ಹಿಡಿದರೆ ಎರಡು ಮೆಗಾಓಮ್, ಒರೆಸಿದ ಮೇಲೆ ಐವತ್ತರ ಮೇಲೆ. ಹಳೇ ಕಾಟನ್ ಸೀರೆಯ ತುಂಡನ್ನು ಎರಡು ಪದರ ಮಾಡಿ ಫ್ಯಾನಿಗೆ ಕಟ್ಟಿದ್ದೇನೆ, ವಾರಕ್ಕೊಮ್ಮೆ ಜಾಡಿಸುವುದು.

ಒಟ್ಟು ಕಳೆದದ್ದು ಹದಿನಾರು ಸಾವಿರದಷ್ಟು, ಸರಿಮಾಡಿದ್ದಕ್ಕೆ ಬಿದ್ದದ್ದು ಆರರ ಒಳಗೆ. ಕಾಕಾ ಈಗ ಎರಡನೇ ಬಾಗಿಲಿಗೆ ಅಡ್ವಾನ್ಸ್ ಕೊಟ್ಟಿದ್ದಾರೆ. ಮೊನ್ನೆ ಗಂಗಾವತಿಯಿಂದ ಒಬ್ಬರು ತಮ್ಮ ಮಷಿನ್ ಜರುಗುತ್ತದೆಂದು ಕರೆದರು. ರೇಡಿಯೋ, ಬಲ್ಬ್, ಡಯಲ್ ಎಲ್ಲ ಚೀಲದಲ್ಲಿ ಹಾಕಿಕೊಂಡು ಬಸ್ ಹತ್ತಿದೆ. ರೇಡಿಯೋ ಹಚ್ಚಿದೆ, ಧಾರವಾಡ ನಿಚ್ಚಳ. ಬಲ್ಬ್ ಹಿಡಿದೆ, ತಂತಿಗಳು ಗಟ್ಟಿ. ಕಪ್ಲಿಂಗಿನ ಗ್ರಬ್ ಸ್ಕ್ರೂ ಸಡಿಲವಾಗಿತ್ತು. ಎಲನ್ ಕೀಲಿಯಿಂದ ಅರ್ಧ ಸುತ್ತು. ಐನೂರು ಕೇಳಲು ಬಾಯಿ ಬರಲಿಲ್ಲ, ಬಸ್ ಚಾರ್ಜು ಮತ್ತು ಚಹಾ ತಗೊಂಡು ಬಂದೆ.