14 ತಿಂಗಳಲ್ಲಿ 3 ಹಾಡು, ಆಮೇಲೆ 2 ದಿನದಲ್ಲಿ 9

ಒಂದು ಗಿಟಾರ್, ಒಂದು ದನಿ. ಅಷ್ಟೇ ಇದ್ದ ಹಾಡಿಗೆ ಕಂಪ್ಯೂಟರಿನಲ್ಲಿ 61 ಟ್ರ್ಯಾಕ್, ಅಂದರೆ ಬೇರೆಬೇರೆ ಹಿಡಿದ ಸದ್ದಿನ ಪದರ, ಆಗಿದ್ದವು. ಅದರಲ್ಲಿ 23 ನನ್ನದೇ ದನಿ. ಯಾವ ಸಾಲನ್ನು ಯಾವತ್ತು ಹಾಡಿದ್ದು ಅಂತ ನನಗೇ ನೆನಪಿರಲಿಲ್ಲ. ನೆಗಡಿ ಇದ್ದ ದಿನದ ಪಲ್ಲವಿಗೆ ನೆಗಡಿ ಬಿಟ್ಟ ಮೇಲಿನ ಚರಣ ಸೇರಿಸಿ ಹೊಲಿದಿದ್ದೆ. ಕೇಳಿದರೆ ಹೊಲಿಗೆ ಗೊತ್ತಾಗುತ್ತಿರಲಿಲ್ಲ. ಹಾಡೂ ಗೊತ್ತಾಗುತ್ತಿರಲಿಲ್ಲ.

ನನ್ನ ಮೊದಲ ಆಲ್ಬಂ ಶುರುವಾಗಿ ಆಗ 14 ತಿಂಗಳು. ಮುಗಿದದ್ದು ಮೂರು ಹಾಡು. ಆ ಮೂರೂ ನನಗೆ ಇಷ್ಟವಿರಲಿಲ್ಲ.

ಬೇಸರ ಬಂದು ರೆಕಾರ್ಡಿಂಗ್ ನಿಲ್ಲಿಸಿದೆ. ಬೇರೆಯವರು ತಮ್ಮ ಮೊದಲ ಆಲ್ಬಂ ಹೇಗೆ ಮಾಡಿದರು ನೋಡೋಣ ಅಂತ ಕೂತೆ. ವಾರಕ್ಕೆ ಒಂದು, ಅರವತ್ತರ ದಶಕದಿಂದ ಇತ್ತ ಕಡೆಗೆ. ಅಭಿಮಾನಿಯ ಹಾಗೆ ಕೇಳಬಾರದು ಅಂತ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಎಷ್ಟು ದಿನದ ಕೆಲಸ, ಎಷ್ಟು ಟ್ರ್ಯಾಕ್, ಎಷ್ಟು ನಿಮಿಷ, ಯಾವ ತಪ್ಪನ್ನು ಹಾಗೇ ಬಿಟ್ಟಿದ್ದಾರೆ. ಇಷ್ಟನ್ನೇ ಬರೆಯಬೇಕು.

ಶುರುವಿಗೇ ಒಂದು ತಕರಾರು ಬಂತು. ಮೊದಲ ಆಲ್ಬಂ ಅಂತ ನಾವು ಅಂದುಕೊಂಡದ್ದು ಎಷ್ಟೋ ಸಲ ಮೊದಲನೆಯದಲ್ಲ. ಅಲಾನಿಸ್ ಮೋರಿಸೆಟ್ ಅಂದರೆ ಎಲ್ಲರಿಗೂ 1995ರ 'ಜ್ಯಾಗ್ಡ್ ಲಿಟಲ್ ಪಿಲ್' ನೆನಪು. ಆದರೆ ಆಕೆಯ ಮೊದಲ ಆಲ್ಬಂ 1991ರಲ್ಲೇ ಕೆನಡಾದಲ್ಲಿ ಬಂದಿತ್ತು, ಅದು ಕುಣಿಯುವ ಪಾಪ್. ಕೇಟಿ ಪೆರಿ 2001ರಲ್ಲಿ ಕೇಟಿ ಹಡ್ಸನ್ ಅನ್ನುವ ಹೆಸರಲ್ಲಿ ಕ್ರೈಸ್ತ ಭಕ್ತಿಯ ಹಾಡುಗಳ ಆಲ್ಬಂ ಮಾಡಿದ್ದರು. ಇದನ್ನು ಓದಿ ನನಗೆ ಸುಮ್ನೆ ಒಂಥರಾ ಧೈರ್ಯ ಬಂತು. ಮೊದಲನೆಯದು ಕೆಟ್ಟರೆ ಜನ ಮರೆತೇ ಬಿಡುತ್ತಾರೆ!

ಮೊದಲ ವಾರ ಬೀಟಲ್ಸ್. 'ಪ್ಲೀಸ್ ಪ್ಲೀಸ್ ಮಿ', 1963. ಅದರ 14 ಹಾಡುಗಳಲ್ಲಿ 10 ಹಾಡು ಒಂದೇ ದಿನ, ಫೆಬ್ರವರಿ 11ರಂದು ರೆಕಾರ್ಡ್ ಆದವು. ಉಳಿದ ನಾಲ್ಕು ಮೊದಲೇ ಎರಡು ಸಿಂಗಲ್‌ಗಳಾಗಿ, ಅಂದರೆ ಎರಡೆರಡು ಹಾಡಿನ ಸಣ್ಣ ತಟ್ಟೆಗಳಾಗಿ, ಬಂದಿದ್ದವು. ಜಾನ್ ಲೆನನ್‌ಗೆ ಅವತ್ತು ನೆಗಡಿ. 'ಟ್ವಿಸ್ಟ್ ಅಂಡ್ ಶೌಟ್' ಹಾಡಿದರೆ ಗಂಟಲು ಹೋಗುತ್ತದೆ ಅಂತ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅದನ್ನು ರಾತ್ರಿ ಕೊನೆಗೆ ಇಟ್ಟುಕೊಂಡರು. ಒಂದು ಸಲ ಹಾಡಿದ್ದಾಯಿತು. ಎರಡನೇ ಸಲ ನೋಡಿದರು, ದನಿಯೇ ಉಳಿದಿರಲಿಲ್ಲ. ನಾವು ಇವತ್ತಿಗೂ ಕೇಳುವುದು ಆ ಮೊದಲನೆಯದನ್ನೇ. ಹಾಡಿನುದ್ದಕ್ಕೂ ಗಂಟಲು ಹರಿಯುವುದು ಕೇಳಿಸುತ್ತದೆ. ನನ್ನ ನೆಗಡಿಯ ಪಲ್ಲವಿಯನ್ನು ನಾನು ಏನು ಮಾಡಿದ್ದೆ? ಸಾಫ್ಟ್‌ವೇರ್ ಹಾಕಿ ಒರೆಸಿದ್ದೆ.

ಅವರ ಹತ್ತಿರ ಇದ್ದದ್ದು ಎರಡು ಟ್ರ್ಯಾಕಿನ ಟೇಪು. ಒಂದರಲ್ಲಿ ದನಿ, ಇನ್ನೊಂದರಲ್ಲಿ ವಾದ್ಯ. ಸ್ಟೀರಿಯೋ ಆವೃತ್ತಿಯನ್ನು ಒಂದು ಕಿವಿಯ ಇಯರ್‌ಫೋನ್ ತೆಗೆದು ಕೇಳಿ ನೋಡಿ. ವಾದ್ಯಗಳು ಒಂದು ಕಡೆ, ದನಿ ಇನ್ನೊಂದು ಕಡೆ ಬೇರೆಬೇರೆಯಾಗಿ ಕೂತಿರುತ್ತವೆ. ಎರಡಕ್ಕೆ ಅವರು ಆಲ್ಬಂ ಮಾಡಿದರು, 61ಕ್ಕೆ ನನಗೆ ಒಂದು ಹಾಡು ಆಗಲಿಲ್ಲ.

ಒಂದೇ ದಿನ ಅನ್ನುವುದು ಮೊದಲು ನನಗೆ ಪವಾಡದ ಹಾಗೆ ಕಂಡಿತ್ತು. ಅಲ್ಲ. ಹ್ಯಾಂಬರ್ಗಿನಲ್ಲಿ, ಲಿವರ್‌ಪೂಲಿನಲ್ಲಿ ರಾತ್ರಿಗಟ್ಟಲೆ ವೇದಿಕೆ ಮೇಲೆ ನುಡಿಸಿ ಪಳಗಿದ ತಂಡ ಅದು. ಮಾರ್ಟಿನ್ ಮಾಡಿದ್ದು ಆ ವೇದಿಕೆಯನ್ನು ಟೇಪಿಗೆ ಹಿಡಿಯುವ ಕೆಲಸ. ಆಮೇಲೆ ಎಲ್ಲಿ ನೋಡಿದರೂ ಇದೇ ಕಥೆ. ಬಾಬ್ ಡಿಲನ್ 1962ರ ಮೊದಲ ಆಲ್ಬಮ್ಮಿನ 13 ಹಾಡುಗಳನ್ನು ಎರಡು ದಿನದಲ್ಲಿ ಮುಗಿಸಿದರು. ಅದರಲ್ಲಿ ಸ್ವಂತದ್ದು ಎರಡೇ, ಉಳಿದವು ಆತ ಹಾಡಿ ಹಾಡಿ ಬಾಯಿಗೆ ಬಂದಿದ್ದ ಜನಪದ, ಬ್ಲೂಸ್ ಹಾಡುಗಳು. ಲೆಡ್ ಝೆಪ್ಪೆಲಿನ್ 1968ರಲ್ಲಿ ಸ್ಕ್ಯಾಂಡಿನೇವಿಯಾ ಸುತ್ತಿ ಹಾಡುಗಳನ್ನು ಜನರ ಮುಂದೆ ತಿಕ್ಕಿ ಬಂದು, ಆಮೇಲೆ ಸುಮಾರು 36 ಗಂಟೆಯ ಸ್ಟುಡಿಯೋ ಸಮಯದಲ್ಲಿ ಕೆಲಸ ಮುಗಿಸಿತು. ಬ್ಲ್ಯಾಕ್ ಸಬ್ಬತ್ ತಂಡಕ್ಕೆ 1969ರ ಅಕ್ಟೋಬರಿನಲ್ಲಿ ಒಂದೇ ದಿನ ಸಾಕಾಯಿತು. ನಮ್ಮ ರಘು ದೀಕ್ಷಿತ್ ಅವರ ಮೊದಲ ಆಲ್ಬಂ 2008ರಲ್ಲಿ ಬಂದಾಗಲೂ ಅದರ ಎಷ್ಟೋ ಹಾಡುಗಳು ವೇದಿಕೆಯಲ್ಲಿ ಆಗಲೇ ಹಳೆಯವಾಗಿದ್ದವು.

ನೋಟ್‌ಬುಕ್ಕಿನ ಇನ್ನೊಂದು ಪುಟದಲ್ಲಿ ನನ್ನ 12 ಹಾಡುಗಳ ಪಟ್ಟಿ ಬರೆದೆ. ಯಾವುದನ್ನು ನಾನು ಇನ್ನೊಬ್ಬರ ಎದುರು ಶುರುವಿನಿಂದ ಕೊನೆವರೆಗೆ ಹಾಡಿದ್ದೇನೋ ಅದಕ್ಕೆ ಟಿಕ್ ಹಾಕಿದೆ. ನಾಲ್ಕೇ ಟಿಕ್. ಉಳಿದ ಎಂಟು ಹಾಡು ಕಂಪ್ಯೂಟರಿನಲ್ಲೇ ಹುಟ್ಟಿ ಕಂಪ್ಯೂಟರಿನಲ್ಲೇ ಬೆಳೆದವು. ಅವನ್ನು ಯಾರೂ ಪೂರ್ತಿ ಕೇಳಿರಲಿಲ್ಲ, ನಾನೂ ಪೂರ್ತಿ ಹಾಡಿರಲಿಲ್ಲ.

ಮುಂದಿನ ಮೂರು ತಿಂಗಳು ಕಂಪ್ಯೂಟರ್ ತೆರೆಯಲಿಲ್ಲ. ಗೆಳೆಯರು ಸೇರಿದ ಕಡೆಯೆಲ್ಲ ಗಿಟಾರ್ ಹಿಡಿದುಕೊಂಡು ಹೋದೆ. ಹತ್ತು ಜನ, ಹದಿನೈದು ಜನ. ಜನ ಯಾವಾಗ ಫೋನ್ ನೋಡುತ್ತಾರೆ ಅನ್ನುವುದೇ ನನ್ನ ಪರೀಕ್ಷೆ. ಒಂದು ಹಾಡಿನ ಮೂರನೇ ಚರಣಕ್ಕೆ ಪ್ರತಿ ಸಲವೂ ಫೋನು ಹೊರಗೆ ಬರುತ್ತಿತ್ತು. ಆ ಚರಣ ಕಿತ್ತು ಹಾಕಿದೆ. ಇನ್ನೊಂದರಲ್ಲಿ ಮೇಲಿನ ಸ್ವರಕ್ಕೆ ಕತ್ತು ಉಬ್ಬಿಸಿ ಹಾಡುತ್ತಿದ್ದೆ, ಕೇಪೋವನ್ನು (ಗಿಟಾರಿನ ಶ್ರುತಿ ಬದಲಿಸಲು ಕತ್ತಿಗೆ ಹಾಕುವ ಕ್ಲಿಪ್ಪು) ಎರಡು ಮನೆ ಕೆಳಗಿಳಿಸಿದೆ. ಒಂದೇ ಸಲಕ್ಕೆ ಹಾಡು ಮಾತಾಡುವ ಹಾಗೆ ಆಯಿತು. ಇದನ್ನು 14 ತಿಂಗಳಲ್ಲಿ ಸದ್ದು ತಿದ್ದುವ ಯಾವ ಪ್ಲಗಿನ್ ಸಾಫ್ಟ್‌ವೇರೂ ನನಗೆ ಹೇಳಿರಲಿಲ್ಲ.

ಕೇಳುವುದು ಮಾತ್ರ ಬಿಡಲಿಲ್ಲ. ಎಪ್ಪತ್ತರ ದಶಕದಲ್ಲಿ ನನ್ನ ಸಿದ್ಧಾಂತಕ್ಕೆ ಪೆಟ್ಟು ಬಿತ್ತು. 1976ರಲ್ಲಿ ಎರಡು ಮೊದಲ ಆಲ್ಬಂ ಬಂದವು. ಒಂದು ರಮೋನ್ಸ್ ತಂಡದ್ದು. 14 ಹಾಡು, ಎಲ್ಲ ಸೇರಿ 29 ನಿಮಿಷ, ಒಂದು ವಾರದ ಕೆಲಸ, ಖರ್ಚು 6,400 ಡಾಲರ್. ಇದು ನನ್ನ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಇನ್ನೊಂದು ಬಾಸ್ಟನ್ ಅನ್ನುವ ತಂಡದ್ದು. ಟಾಮ್ ಶೋಲ್ಜ್ ಅನ್ನುವ ಎಂಜಿನಿಯರ್, ಹಗಲು ಪೊಲರಾಯ್ಡ್ ಕಂಪನಿಯಲ್ಲಿ ಕೆಲಸ, ರಾತ್ರಿ ಮನೆಯ ನೆಲಮಾಳಿಗೆಯಲ್ಲಿ ತಾನೇ ಕಟ್ಟಿಕೊಂಡ ಸ್ಟುಡಿಯೋದಲ್ಲಿ ಒಂದೊಂದೇ ವಾದ್ಯವನ್ನು ಪದರ ಪದರವಾಗಿ ಕೂರಿಸುವುದು. ವರ್ಷಗಟ್ಟಲೆ. ರೆಕಾರ್ಡ್ ಕಂಪನಿ ದೊಡ್ಡ ಸ್ಟುಡಿಯೋದಲ್ಲೇ ಮಾಡಬೇಕು ಅಂದಾಗ ತಂಡದ ಉಳಿದವರು ಲಾಸ್ ಏಂಜಲೀಸ್‌ಗೆ ಹೋದರು, ಈತ ನೆಲಮಾಳಿಗೆಯಲ್ಲೇ ಕೂತು ಹೆಚ್ಚಿನ ಭಾಗ ಮುಗಿಸಿದ. ಆ ಆಲ್ಬಂ ಅಮೆರಿಕದಲ್ಲೇ ಒಂದೂವರೆ ಕೋಟಿಗಿಂತ ಜಾಸ್ತಿ ಮಾರಾಟವಾಯಿತು.

ಅಂದರೆ ಒಬ್ಬನೇ ಕೂತು ವರ್ಷಗಟ್ಟಲೆ ತಿದ್ದುವವರೂ ಗೆಲ್ಲುತ್ತಾರೆ, ಅಲ್ವಾ? ಎರಡು ದಿನ ಇದೇ ತಲೆಯಲ್ಲಿ ಓಡುತ್ತಿತ್ತು. ಕೊನೆಗೆ ನನಗೆ ಅನ್ನಿಸಿದ್ದು ಇಷ್ಟು. ಶೋಲ್ಜ್ ಕಿವಿಯೊಳಗೆ ಒಂದು ಸದ್ದು ಮೊದಲೇ ಇತ್ತು, ಅದು ಸಿಗುವವರೆಗೆ ಬಿಡಲಿಲ್ಲ. ನನ್ನ ಕಿವಿಯಲ್ಲಿ ಏನೂ ಇರಲಿಲ್ಲ. ಮುಗಿಸಿದರೆ ಜನರಿಗೆ ಕೇಳಿಸಬೇಕಲ್ಲ ಅನ್ನುವ ಹೆದರಿಕೆಗೆ ಟ್ರ್ಯಾಕ್ ಸೇರಿಸುತ್ತಾ ಹೋಗುತ್ತಿದ್ದೆ.

ಎಂಬತ್ತರ ದಶಕವನ್ನು ಬೇಗ ದಾಟಿದೆ. ಆ ಡ್ರಮ್ಮಿನ ಅಬ್ಬರ ನನಗೆ ಆಗಿಬರುವುದಿಲ್ಲ. ಟ್ರೇಸಿ ಚಾಪ್ಮನ್ ಒಬ್ಬರ ಹತ್ತಿರ ಮಾತ್ರ ನಿಂತೆ. 1988ರಲ್ಲಿ, ಎಲ್ಲರೂ ಸಿಂಥಸೈಜರ್ ಹಿಡಿದಿದ್ದಾಗ, ಆಕೆ ಗಿಟಾರ್ ಮತ್ತು ದನಿಯನ್ನು ಎಲ್ಲಕ್ಕಿಂತ ಮುಂದೆ ಇಟ್ಟರು.

ತೊಂಬತ್ತರದ್ದು ನನಗೆ ಕತ್ತರಿ ಕೊಟ್ಟಿತು. ಎಲ್‌ಪಿ ತಟ್ಟೆಯ ಕಾಲದಲ್ಲಿ ಒಂದು ಬದಿಗೆ ಇಪ್ಪತ್ತು ಇಪ್ಪತ್ತೆರಡು ನಿಮಿಷ ಹಿಡಿಸಿದರೆ ಹೆಚ್ಚು. ಸಿಡಿ ಬಂದು 74 ನಿಮಿಷ ಜಾಗ ಕೊಟ್ಟ ಮೇಲೆ ಸುಮಾರು ಜನ ತುಂಬಿಸಿದ್ದೇ ತುಂಬಿಸಿದ್ದು. ಅದೇ ಕಾಲದಲ್ಲಿ, 1994ರಲ್ಲಿ, ಇಪ್ಪತ್ತು ವರ್ಷದ ರ್ಯಾಪ್ ಹಾಡುಗಾರ ನಾಸ್ 'ಇಲ್ಮ್ಯಾಟಿಕ್' ಮಾಡಿದ. ಹತ್ತು ಹಾಡು, 40 ನಿಮಿಷವೂ ಇಲ್ಲ. ಅದರಲ್ಲಿ ಒಂದು ಬರೀ ಪೀಠಿಕೆ. ಜಾಗ ಇತ್ತು, ತುಂಬಲಿಲ್ಲ. ನಾನು 12ರಲ್ಲಿ ಮೂರು ತೆಗೆದೆ. ಎರಡನ್ನು ತೆಗೆಯುವಾಗ ಏನೂ ಅನ್ನಿಸಲಿಲ್ಲ. ಮೂರನೆಯದು ನಾನು ಬರೆದ ಮೊಟ್ಟಮೊದಲ ಹಾಡು. ಅದನ್ನು ತೆಗೆಯಲು ಒಂದು ವಾರ ಹಿಡಿಯಿತು. ಚೆನ್ನಾಗಿತ್ತು, ಆದರೆ ಪಕ್ಕದ ಹಾಡುಗಳ ಜೊತೆ ಕೂರುತ್ತಿರಲಿಲ್ಲ. ಹತ್ತೊಂಬತ್ತರ ಹುಡುಗ ದೊಡ್ಡವರ ಮಧ್ಯೆ ಬಂದು ಮಾತಾಡಿದ ಹಾಗೆ.

ಈಚಿನವರಲ್ಲಿ ಎರಡು ಆಲ್ಬಂ ನನ್ನ ಕೋಣೆಯ ಬಗ್ಗೆ ಇದ್ದ ಕೀಳರಿಮೆ ಕಳೆದವು. ಬಾನ್ ಐವರ್ ಹೆಸರಲ್ಲಿ ಜಸ್ಟಿನ್ ವರ್ನನ್, ವಿಸ್ಕಾನ್ಸಿನ್‌ನ ಕಾಡಿನ ಒಂದು ಮರದ ಮನೆಯಲ್ಲಿ ಚಳಿಗಾಲ ಕಳೆಯುತ್ತಾ ಹೆಚ್ಚುಕಡಿಮೆ ಒಬ್ಬನೇ ರೆಕಾರ್ಡ್ ಮಾಡಿದ್ದು 'ಫಾರ್ ಎಮ್ಮಾ, ಫಾರೆವರ್ ಅಗೋ'. 2019ರಲ್ಲಿ ಬಿಲ್ಲಿ ಐಲಿಶ್ ಅವರ ಮೊದಲ ಆಲ್ಬಂ ಅಣ್ಣ ಫಿನಿಯಸ್‌ನ ಮಲಗುವ ಕೋಣೆಯಲ್ಲಿ ತಯಾರಾಯಿತು, ಮುಂದಿನ ವರ್ಷ ಗ್ರ್ಯಾಮಿಯಲ್ಲಿ ವರ್ಷದ ಆಲ್ಬಂ ಆಯಿತು. ಆಕೆ ಪಿಸುಗುಟ್ಟಿದ ಹಾಗೆ ಹಾಡುವುದನ್ನು ಹೆಡ್‌ಫೋನಿನಲ್ಲಿ ಕೇಳಿದರೆ ಗೊತ್ತಾಗುತ್ತದೆ. ದನಿ ಅಷ್ಟು ಹತ್ತಿರ ಇದ್ದಾಗ ಕೋಣೆ ಎಷ್ಟು ದೊಡ್ಡದು ಅನ್ನುವುದು ಯಾರಿಗೂ ಬೇಕಿಲ್ಲ.

ಈಗ ಆ ಎರಡು ದಿನದ ವಿಷಯ. ಒಂಬತ್ತು ಹಾಡು, ಒಂದು ಕೋಣೆ, ಬಾಸ್ ಗಿಟಾರ್ ನುಡಿಸುವ ಒಬ್ಬ ಗೆಳೆಯ. ನಿಯಮ ಗೋಡೆಗೆ ಅಂಟಿಸಿದ್ದೆ: ಒಂದು ಹಾಡಿಗೆ ಮೂರು ಟೇಕ್, ಮೂರರಲ್ಲಿ ಒಂದನ್ನು ಪೂರ್ತಿ ಆರಿಸಬೇಕು, ಚೂರು ಚೂರು ಜೋಡಿಸುವಂತಿಲ್ಲ. ಹಾಡುವುದು, ಗಿಟಾರ್, ಬಾಸ್ ಮೂರೂ ಒಟ್ಟಿಗೆ. ಬಾಸಿನ ವೈರು ನೇರ ಇಂಟರ್‌ಫೇಸಿಗೆ (ಸದ್ದನ್ನು ಕಂಪ್ಯೂಟರಿಗೆ ಕೊಡುವ ಪೆಟ್ಟಿಗೆ), ಹಾಗಾಗಿ ಅದರ ಸದ್ದು ಮೈಕಿಗೆ ಸೋರುವುದಿಲ್ಲ. ದನಿಯ ಮೈಕು ಬಾಯಿಂದ ಒಂದು ಗೇಣು ದೂರ, ಕೊಂಚ ಓರೆಗೆ. ನೇರ ಇಟ್ಟರೆ 'ಪ', 'ಫ' ಬಂದಾಗಲೆಲ್ಲ ಉಫ್ ಅಂತ ಗಾಳಿ ಹೊಡೆಯುತ್ತದೆ. ಗಿಟಾರಿನ ಮೈಕು ಸದ್ದಿನ ತೂತಿಗೆ ಎದುರಾಗಿ ಬೇಡ, ಬರೀ ಗುಂಯ್ ಅನ್ನುತ್ತದೆ. ಕತ್ತು ಮೈಗೆ ಸೇರುವ ಜಾಗಕ್ಕೆ ತಿರುಗಿಸಿದರೆ ಸರಿ ಹೋಗುತ್ತದೆ. ನನ್ನ ಬೆನ್ನ ಹಿಂದೆ ಎರಡು ದಪ್ಪ ಕಂಬಳಿ. ಮೈಕು ದನಿಯನ್ನು ಎದುರಿನಿಂದ ಹಿಡಿಯುತ್ತದೆ, ಹಿಂದಿನ ಗೋಡೆಯ ಮಾರ್ದನಿಯೂ ಅದೇ ದಾರಿಯಲ್ಲಿ ಬರುತ್ತದೆ. ಫ್ಯಾನ್, ಫ್ರಿಜ್ ಎರಡೂ ಬಂದ್. ಫ್ರಿಜ್ಜನ್ನು ಮತ್ತೆ ಹಾಕಲು ಮರೆಯಬಾರದು ಅಂತ ಅದರೊಳಗೆ ನನ್ನ ಗಾಡಿಯ ಕೀ ಇಟ್ಟಿದ್ದೆ. ಸದ್ದಿನ ಮಟ್ಟ ಎಷ್ಟೇ ಏರಿದರೂ ಮೈನಸ್ 6 ಡೆಸಿಬೆಲ್ ದಾಟದ ಹಾಗೆ ನೋಡಿಕೊಂಡೆ, ಸೊನ್ನೆ ದಾಟಿದರೆ ಸದ್ದು ಒಡೆಯುತ್ತದೆ. 24 ಬಿಟ್‌ನಲ್ಲಿ ಹಿಡಿಯುವಾಗ ಕಡಿಮೆ ಮಟ್ಟಕ್ಕೆ ಹೆದರಬೇಕಾಗಿಲ್ಲ, ಒಡೆದ ಸದ್ದನ್ನು ಮಾತ್ರ ಯಾರೂ ಸರಿ ಮಾಡಲಾರರು.

ತಾಳ ತಪ್ಪದ ಹಾಗೆ ಕಿವಿಗೆ ಕೊಡುವ ಕ್ಲಿಕ್ ಸದ್ದು ಹಾಕಲಿಲ್ಲ. ಆಮೇಲೆ ಕುತೂಹಲಕ್ಕೆ ಅಳೆದು ನೋಡಿದರೆ ಎರಡನೇ ಹಾಡು ನಿಮಿಷಕ್ಕೆ 92 ಬೀಟಿನಲ್ಲಿ ಶುರುವಾಗಿ 97ರಲ್ಲಿ ಮುಗಿದಿತ್ತು. ಹಿಂದಿನ ನಾನಾಗಿದ್ದರೆ ಎಳೆದು ನೆಟ್ಟಗೆ ಮಾಡುತ್ತಿದ್ದೆ. ಕೊನೆಯ ಪಲ್ಲವಿಯಲ್ಲಿ ಇಬ್ಬರಿಗೂ ಹುರುಪು ಬಂದಿದೆ, ಅಷ್ಟೇ.

ನಾಲ್ಕನೇ ಹಾಡಿನ ಎರಡನೇ ಟೇಕಿನಲ್ಲಿ, ಸಾಲಿನ ನಡುವೆ, ನನ್ನ ಕುರ್ಚಿ ಕಿರ್ ಅಂತು. ಮೂರನೇ ಟೇಕಿಗೆ ಸ್ಟೂಲ್ ತಂದುಕೊಂಡು ಕೂತೆ. ಸದ್ದಿಲ್ಲ, ಹಾಡಿನಲ್ಲೂ ಜೀವ ಇಲ್ಲ. ಗೆಳೆಯ ಬಾಸ್ ಕೆಳಗಿಟ್ಟು ಗೋಡೆಯ ಮೇಲಿನ ನಿಯಮ ತೋರಿಸಿದ. ಎರಡನೆಯದೇ ಉಳಿಯಿತು, ಕಿರ್ ಸಮೇತ. ಗಂಟಲು ಹರಿಯುವ ಹಾಡನ್ನು ಲೆನನ್‌ಗೆ ಮಾಡಿದ ಹಾಗೆ ಎರಡನೇ ದಿನದ ಕೊನೆಗೆ ಇಟ್ಟಿದ್ದೆ. ನನಗೆ ಅದು ಎರಡನೇ ಟೇಕಿನಲ್ಲಿ ಸಿಕ್ಕಿತು. ಮಾರನೇ ದಿನ ಮಾತು ಹೊರಡಲಿಲ್ಲ.

ಮಿಕ್ಸಿಂಗ್, ಅಂದರೆ ಎಲ್ಲ ಟ್ರ್ಯಾಕಿನ ಸದ್ದು ಹೊಂದಿಸುವುದು, ನಾನೇ ಮಾಡಿದೆ, ಕಡಿಮೆ ಸದ್ದಿನಲ್ಲಿ, ಮತ್ತೆ ಮತ್ತೆ ಮೋನೋಗೆ (ಎರಡೂ ಕಿವಿಗೆ ಒಂದೇ ಸದ್ದು) ತಿರುಗಿಸಿ. ಮಾಸ್ಟರಿಂಗಿಗೆ, ಅಂದರೆ ಬಿಡುಗಡೆಗೆ ಮುಂಚಿನ ಕೊನೆಯ ಹದಕ್ಕೆ, ಒಂದು ಕಡೆ ಕೊಟ್ಟಿದ್ದೆ, ಕೆಟ್ಟ ಅನುಭವ. ವಾಪಸ್ ಬಂದ ಫೈಲಿನ ಅಲೆಯ ಚಿತ್ರ ಇಟ್ಟಿಗೆಯ ಹಾಗಿತ್ತು. ಪಿಸುಮಾತೂ ಕೂಗಿನಷ್ಟೇ ಜೋರು. ಸ್ಪಾಟಿಫೈನಂಥ ಕಡೆ ಸಾಮಾನ್ಯವಾಗಿ ಎಲ್ಲ ಹಾಡನ್ನೂ ಸುಮಾರು ಮೈನಸ್ 14 ಲಫ್ಸ್ (ಕಿವಿಗೆ ಎಷ್ಟು ಜೋರು ಅನ್ನುವುದರ ಅಳತೆ) ಮಟ್ಟಕ್ಕೆ ತರುತ್ತಾರೆ. ಜೋರು ಮಾಡಿ ಕೊಟ್ಟರೆ ಅವರು ಇಳಿಸುತ್ತಾರೆ, ಹೋದ ಏರಿಳಿತ ಮಾತ್ರ ತಿರುಗಿ ಬರುವುದಿಲ್ಲ. ಇದನ್ನು ಹೇಳಿದ್ದಕ್ಕೆ ಎಲ್ಲರೂ ಹೀಗೇ ಕೇಳುತ್ತಾರೆ ಸಾರ್ ಅಂದರು. ಬೇರೆಯವರ ಹತ್ತಿರ ಮಾಡಿಸಿದೆ.

ಹಾಡಿನ ಸಾಲು ಕೂರಿಸುವಾಗ ಎಲ್‌ಪಿಯ ಬುದ್ಧಿ ಕೆಲಸಕ್ಕೆ ಬಂತು. ತಟ್ಟೆಯ ಒಳಸುತ್ತಿಗೆ ಹೋದ ಹಾಗೆ ಸದ್ದಿನ ಸೂಕ್ಷ್ಮ ಕಡಿಮೆಯಾಗುತ್ತದೆ, ಹಾಗಾಗಿ ಆಗಿನವರು ಸಾಧಾರಣವಾಗಿ ಜೋರಿನ ಹಾಡನ್ನು ಬದಿಯ ಶುರುವಿಗೂ ಮೆತ್ತನೆಯದನ್ನು ಕೊನೆಗೂ ಇಡುತ್ತಿದ್ದರು. ನನಗೆ ತಟ್ಟೆಯೇ ಇಲ್ಲ, ಆದರೂ ಐದು ನಾಲ್ಕು ಅಂತ ಎರಡು ಬದಿ ಮಾಡಿಕೊಂಡೆ. ಒಂದು ಕಡೆ ಮಾತ್ರ ರಾಜಿಯಾದೆ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ ಅಂತ ಮೊದಲ ಹಾಡಿನ 40 ಸೆಕೆಂಡಿನ ಗಿಟಾರ್ ಪೀಠಿಕೆಯನ್ನು 12ಕ್ಕೆ ಇಳಿಸಿದೆ. ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಬಿಡುಗಡೆಯಾದ ಮೊದಲ ವಾರ ದಿನಕ್ಕೆ ಹತ್ತು ಸಲ ಅಂಕಿ ನೋಡುತ್ತಿದ್ದೆ. ನೋಡಿ ಬರೆಯುವಂಥದ್ದೇನಿಲ್ಲ. ಡಿಲನ್‌ನ ಮೊದಲ ಆಲ್ಬಂ ಮೊದಲ ವರ್ಷ ಸುಮಾರು 5,000 ಪ್ರತಿ ಮಾತ್ರ ಹೋಯಿತು. ಆತನನ್ನು ರೆಕಾರ್ಡ್ ಕಂಪನಿಗೆ ತಂದ ಜಾನ್ ಹ್ಯಾಮಂಡ್‌ನ ಎಡವಟ್ಟು ಅಂತ ಕಂಪನಿಯೊಳಗೇ ಆಡಿಕೊಂಡರಂತೆ. ನನ್ನನ್ನು ಆಡಿಕೊಳ್ಳಲು ಕಂಪನಿಯೂ ಇಲ್ಲ.

ಮೂರನೇ ವಾರ ಒಬ್ಬ ಹಳೇ ಗೆಳತಿ ಫೋನ್ ಮಾಡಿದರು. ನಾಲ್ಕನೇ ಹಾಡಿನಲ್ಲಿ ಬಾಗಿಲು ತೆಗೆದ ಸದ್ದು ಬರುತ್ತದಲ್ಲ, ಅದನ್ನು ಬೇಕಂತಲೇ ಹಾಕಿದ್ದಾ, ಆ ಸಾಲಿಗೆ ಅಷ್ಟು ಸರಿಯಾಗಿ ಕೂತಿದೆ ಅಂದರು. ಹೂಂ ಅಂದೆ.