ಕತ್ತಲೆ ಸಿನಿಮಾದ್ದೋ, ಟೀವಿಯದ್ದೋ?

ಒಟಿಟಿಗೆ ಬಂದ ಹೊಸ ಸಿನಿಮಾ ಬಗ್ಗೆ ಚಿಕ್ಕಮಗಳೂರಲ್ಲಿ ಕೂತು ಬರೆಯುವಾಗ ನಾನು ಮೊದಲು ಅನುಮಾನ ಪಡುವುದು ನಮ್ಮನೆ ಟೀವಿಯನ್ನು. ಸಿನಿಮಾದ ಸರದಿ ಆಮೇಲೆ. ‘ಬರೀ ಕತ್ತಲೆ’, ‘ಮಾತೇ ಕೇಳಿಸಲ್ಲ’, ‘ಸೀರಿಯಲ್ ನೋಡಿದ ಹಾಗಿದೆ’ ಅನ್ನುವ ದೂರುಗಳಲ್ಲಿ ಎಷ್ಟೋ ಹುಟ್ಟುವುದು ನೋಡುವವರ ಹಾಲ್‌ನಲ್ಲೇ. ಛಾಯಾಗ್ರಾಹಕರೂ ಸೌಂಡ್ ಮಿಕ್ಸ್ ಮಾಡಿದವರೂ ತಿಂಗಳುಗಟ್ಟಲೆ ದುಡಿದಿರುತ್ತಾರೆ. ಅವರ ಕೆಲಸ ಸರಿಯಿಲ್ಲ ಅಂತ ಬರೆಯುವ ಮುಂಚೆ ತಪ್ಪು ಅವರದ್ದೇನಾ ಅಂತ ಖಾತ್ರಿ ಮಾಡಿಕೊಳ್ಳಲೇಬೇಕು.

ಮೊದಲು ಪಿಕ್ಚರ್ ಮೋಡ್. ಟೀವಿ ಸಾಮಾನ್ಯವಾಗಿ ‘ಸ್ಟ್ಯಾಂಡರ್ಡ್’ ಅಥವಾ ‘ವಿವಿಡ್’ನಲ್ಲೇ ಬಂದಿರುತ್ತದೆ. ಅದನ್ನು ‘ಮೂವಿ’, ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ ಮೋಡ್‌ಗೆ ಬದಲಾಯಿಸಿ. ಎರಡು ದಿನ ಚಿತ್ರ ಹಳದಿ ಹೊಡೆದ ಹಾಗೆ ಕಾಣುತ್ತದೆ. ಸಿನಿಮಾದ ಬಣ್ಣ ತಿದ್ದುವವರು ಮನೆಯ ಆವೃತ್ತಿಗೆ ಇಟ್ಟುಕೊಳ್ಳುವ ಬಿಳಿ ಸುಮಾರು 6500 ಕೆಲ್ವಿನ್‌ನದ್ದು, ಟೀವಿಯ ನೀಲಿ ಬಿಳಿಗೆ ಒಗ್ಗಿದ ಕಣ್ಣಿಗೆ ಅದು ಹಳದಿ ಅನ್ನಿಸುತ್ತದೆ, ಅಷ್ಟೆ. ಆಮೇಲೆ ಮೋಷನ್ ಸೆಟ್ಟಿಂಗ್ ಆಫ್ ಮಾಡಿ. ಎಲ್‌ಜಿಯಲ್ಲಿ ಇದರ ಹೆಸರು ‘ಟ್ರೂಮೋಷನ್’, ಸೋನಿಯಲ್ಲಿ ‘ಮೋಷನ್‌ಫ್ಲೋ’. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್ ಇರುತ್ತವೆ. ಟೀವಿ ನಡುವೆ ತನ್ನದೇ ಫ್ರೇಮ್ ಹುಟ್ಟಿಸಿ ತುಂಬುವುದರಿಂದಲೇ ದೊಡ್ಡ ಬಜೆಟ್ಟಿನ ಚಿತ್ರವೂ ಸೀರಿಯಲ್ ಥರ ಕಾಣುವುದು. ‘ಎನರ್ಜಿ ಸೇವಿಂಗ್’ ಕೂಡ ಆಫ್ ಇರಲಿ. ಕೋಣೆಯ ದೀಪ ಆರಿಸಿದ ಕೂಡಲೇ ಅದು ಪರದೆಯ ಬೆಳಕನ್ನೂ ಇಳಿಸುತ್ತದೆ, ರಾತ್ರಿಯ ದೃಶ್ಯದಲ್ಲಿ ಮುಖವೇ ಕಾಣುವುದಿಲ್ಲ.

2.39:1 ಅಳತೆಯ, ಅಂದರೆ ಎತ್ತರಕ್ಕಿಂತ ಅಗಲ 2.39 ಪಟ್ಟು ಇರುವ ಸಿನಿಮಾಗೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ. ಅದು ಕಾಣಬಾರದೆಂದು ಝೂಮ್ ಮಾಡಿದರೆ ಅಗಲದಲ್ಲಿ ಸುಮಾರು ಕಾಲು ಭಾಗ ಚಿತ್ರ ಹೋಗುತ್ತದೆ, ಅಂಚಿನಲ್ಲಿ ನಿಂತ ಪಾತ್ರವೇ ಮಾಯ. ಪಟ್ಟಿ ಇರಲಿ. ಬದಲಿಗೆ ಕುರ್ಚಿ ಹತ್ತಿರ ತನ್ನಿ: 43 ಇಂಚಿನ ಟೀವಿಗೆ ಐದೂವರೆಯಿಂದ ಆರು ಅಡಿ ಸಾಕು. ನಮ್ಮ ಕಡೆ ಟೀವಿ ಒಂದು ಗೋಡೆಗೆ, ಸೋಫಾ ಎದುರು ಗೋಡೆಗೆ, ನಡುವೆ ಹನ್ನೆರಡು ಅಡಿ. ಅಲ್ಲಿಂದ ಸೂಕ್ಷ್ಮ ಅಭಿನಯ ಕಾಣುವುದಿಲ್ಲ.

ಇಂಟರ್ನೆಟ್ ಗುಣಮಟ್ಟ ತಿಳಿಯಲು ನಾನು ನೋಡುವುದು ಮಂಜಿನ ದೃಶ್ಯವನ್ನು. ಘಾಟಿಯ ತಿರುವಿನಲ್ಲಿ ಒಂದು ಜೀಪು, ಹಿಂದೆ ಮಂಜು ಅಂದುಕೊಳ್ಳಿ. ಮಂಜಿನಲ್ಲಿ ಗೆರೆ ಇಲ್ಲ, ಬಿಳಿಯಿಂದ ಬೂದು ಬಣ್ಣಕ್ಕೆ ನಿಧಾನವಾಗಿ ಇಳಿಯುವ ಛಾಯೆ ಮಾತ್ರ. ಡೇಟಾ ಕಡಿಮೆಯಾದಾಗ ಮೊದಲು ಒಡೆಯುವುದು ಈ ಛಾಯೆಯೇ: ಮೆಟ್ಟಿಲು ಮೆಟ್ಟಿಲಾಗಿ ಪಟ್ಟಿ ಕಾಣುತ್ತದೆ, ಜೀಪಿನ ಸುತ್ತ ಚೌಕ ಚೌಕ ಎದ್ದು ನಡುಗುತ್ತವೆ. ಹಾಗೆ ಕಂಡ ಕೂಡಲೇ ಸಮಯ ಬರೆದಿಟ್ಟುಕೊಂಡು, ಮಾರನೆಯ ಬೆಳಿಗ್ಗೆ ಅದೇ ಮೂವತ್ತು ಸೆಕೆಂಡ್ ಮತ್ತೆ ನೋಡುತ್ತೇನೆ. ಚೌಕ ಮಾಯವಾಗಿದ್ದರೆ ತಪ್ಪು ರಾತ್ರಿಯ ನೆಟ್‌ವರ್ಕ್‌ನದ್ದು. ಅದೇ ಜಾಗದಲ್ಲಿ ಹಾಗೇ ಇದ್ದರೆ ಅಪ್‌ಲೋಡ್ ಆದ ಫೈಲೇ ಸರಿಯಿಲ್ಲ, ಆಗ ಧೈರ್ಯವಾಗಿ ಬರೆಯಬಹುದು.

ನೆಟ್‌ಫ್ಲಿಕ್ಸ್ 1080ಪಿಗೆ 5 ಎಂಬಿಪಿಎಸ್, 4ಕೆಗೆ 15 ಎಂಬಿಪಿಎಸ್ ಬೇಕು ಅನ್ನುತ್ತದೆ, ಎಚ್‌ಡಿಗೆ ಗಂಟೆಗೆ 3 ಜಿಬಿವರೆಗೂ ಖರ್ಚಾಗುತ್ತದೆ. ಎರಡೂವರೆ ಗಂಟೆಯ ಸಿನಿಮಾಗೆ ಏಳೂವರೆ ಜಿಬಿ. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕ್‌ನಿಂದ ಹಾಟ್‌ಸ್ಪಾಟ್ ಕೊಟ್ಟು ನೋಡಿದರೆ ಇಂಟರ್ವಲ್‌ಗೆ ಮುಂಚೆಯೇ ಚಿತ್ರ ಮಸುಕಾಗುವುದು ಇದರಿಂದಲೇ. ಫೈಬರ್ ಇದ್ದರೂ ಹಳೇ ಮನೆಯ ದಪ್ಪ ಕಲ್ಲುಗೋಡೆ ದಾಟುವಾಗ ವೈಫೈ ಸೋಲುತ್ತದೆ. ರೌಟರ್‌ನಿಂದ ಟೀವಿಗೆ ಲ್ಯಾನ್ ಕೇಬಲ್ ಎಳೆಯುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಗಟ್ಟಿ ಪರಿಹಾರ. ಫೋನಿನಲ್ಲಿ ನೋಡುವವರು ಅದರ ವೈಡ್‌ವೈನ್ (ಸಿನಿಮಾ ನಕಲಾಗದಂತೆ ಕಾಯುವ ವ್ಯವಸ್ಥೆ) ಮಟ್ಟ ನೋಡಿಕೊಳ್ಳಿ. ಎಲ್3 ಇದ್ದರೆ ಎಷ್ಟು ವೇಗದ ನೆಟ್ ಇದ್ದರೂ ದೊಡ್ಡ ಆ್ಯಪ್‌ಗಳು ಎಚ್‌ಡಿ ಕೊಡುವುದಿಲ್ಲ, ಎಲ್1 ಬೇಕು.

ಇನ್ನು ಮಾತು. 5.1 ಧ್ವನಿಯಲ್ಲಿ, ಅಂದರೆ ಆರು ಚಾನೆಲ್‌ಗಳ ಧ್ವನಿಯಲ್ಲಿ, ಸಂಭಾಷಣೆ ಹೆಚ್ಚಾಗಿ ನಡುವಿನ ಸ್ಪೀಕರ್‌ಗೆ ಮೀಸಲು. ಟೀವಿಯಲ್ಲಿ ಇರುವುದು ಎರಡೇ ಸ್ಪೀಕರ್, ಅವೂ ಕೆಳಮುಖ. ಆರು ಚಾನೆಲ್‌ಗಳನ್ನು ಎರಡಕ್ಕೆ ತುರುಕಿದಾಗ ಹಿನ್ನೆಲೆ ಸಂಗೀತದ ಅಡಿ ಮಾತು ಸಿಕ್ಕಿಹಾಕಿಕೊಳ್ಳುತ್ತದೆ. ಮನೆಗೆಂದು ಬೇರೆ ಮಿಕ್ಸ್ ಮಾಡದೆ ಥಿಯೇಟರ್ ಮಿಕ್ಸನ್ನೇ ಹಾಕಿದ್ದರೆ ಇನ್ನೂ ಕಷ್ಟ: ಪಿಸುಮಾತಿಗೆ ವಾಲ್ಯೂಮ್ ಏರಿಸಬೇಕು, ಫೈಟಿಗೆ ಇಳಿಸಬೇಕು. ಆಡಿಯೋ ಮೆನುವಿನಲ್ಲಿ ‘ಕನ್ನಡ’ ಮತ್ತು ‘ಕನ್ನಡ 5.1’ ಎರಡೂ ಇದ್ದರೆ ಬರೀ ‘ಕನ್ನಡ’ ಆರಿಸಿ. ಎರಡು ಸ್ಪೀಕರಿನ ಸೌಂಡ್‌ಬಾರ್ ಇದ್ದರೆ ಟೀವಿಯ ಡಿಜಿಟಲ್ ಔಟ್‌ಪುಟ್ ‘ಪಿಸಿಎಂ’ಗೆ (ಧ್ವನಿಯನ್ನು ಟೀವಿಯೇ ಬಿಡಿಸಿ ಕಳಿಸುವ ಆಯ್ಕೆ) ಇಡಿ. ‘ನೈಟ್ ಮೋಡ್’ ಜೋರು ಸದ್ದನ್ನು ತಗ್ಗಿಸಿ ಮೆಲುಮಾತನ್ನು ಎತ್ತುತ್ತದೆ. ಮನೆಮಂದಿ ಮಲಗಿದಾಗ ಅದು ಅನುಕೂಲ, ಆದರೆ ಧ್ವನಿಯ ಬಗ್ಗೆ ಬರೆಯುವ ದಿನ ಹಾಕಬೇಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಹೆಂಚಿಗೋ ಶೀಟಿಗೋ ಮಳೆ ಬಡಿಯುವಾಗ ಯಾವ ಸೆಟ್ಟಿಂಗೂ ಸಾಲದು. ಆಗ ನನಗೆ ಹೆಡ್‌ಫೋನೇ ಗತಿ. ಪರೀಕ್ಷೆಗೂ ಅದೇ ಸಾಧನ: ಕೇಳಿಸದ ಸಾಲನ್ನು ಹೆಡ್‌ಫೋನಿನಲ್ಲಿ ಕೇಳಿ. ಸ್ಪಷ್ಟವಾಗಿದ್ದರೆ ದೋಷ ಕೋಣೆಯದ್ದು, ಅಲ್ಲೂ ಅರ್ಥವಾಗದಿದ್ದರೆ ಮಿಕ್ಸ್‌ನದ್ದೋ ನಟರ ಉಚ್ಚಾರದ್ದೋ.

ಗಾಳಿಮಳೆಯ ದಿನ ಬಾಡಿಗೆ ಸಿನಿಮಾ ಶುರು ಮಾಡಬೇಡಿ. ಪ್ರೈಮ್ ವಿಡಿಯೋದಲ್ಲಿ ಬಾಡಿಗೆಗೆ ತೆಗೆದುಕೊಂಡದ್ದನ್ನು ಶುರು ಮಾಡಲು 30 ದಿನ ಇರುತ್ತದೆ, ಪ್ಲೇ ಒತ್ತಿದ ಮೇಲೆ 48 ಗಂಟೆ ಅಷ್ಟೇ. ಲೈನ್ ಮೇಲೆ ಮರ ಬಿದ್ದರೆ ಅಷ್ಟರಲ್ಲಿ ಕರೆಂಟ್ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಇನ್ವರ್ಟರ್ ಇದ್ದರೂ ದಾರಿಯಲ್ಲಿರುವ ಕೇಬಲ್‌ನವರ ಬಾಕ್ಸಿಗೆ ಕರೆಂಟ್ ಇಲ್ಲದಿದ್ದರೆ ನೆಟ್ ಬರುವುದಿಲ್ಲ.

ಥಿಯೇಟರಿನಲ್ಲಿ ಬಂದದ್ದೇ ಮನೆಗೂ ಬಂದಿದೆ ಅಂತ ನಂಬಿಬಿಡಬೇಡಿ. 2022ರ ಸೆಪ್ಟೆಂಬರ್ 30ಕ್ಕೆ ತೆರೆಕಂಡ ‘ಕಾಂತಾರ’ ನವೆಂಬರ್ 24ಕ್ಕೆ ಒಟಿಟಿಗೆ ಬಂದಾಗ, ಕೋರ್ಟಿನಲ್ಲಿದ್ದ ತಕರಾರಿನಿಂದಾಗಿ ‘ವರಾಹ ರೂಪಂ’ ಹಾಡಿಗೆ ಬೇರೆ ರಾಗ ಇತ್ತು. ಮೂಲ ಹಾಡು ಆಮೇಲೆ ವಾಪಸ್ ಬಂತು. ನಡುವೆ ನೋಡಿದವರ ಅಭಿಪ್ರಾಯ ಬೇರೆಯಾಗಿದ್ದರಲ್ಲಿ ಆಶ್ಚರ್ಯವಿಲ್ಲ. ಅದಕ್ಕೆ ಅವಧಿಯನ್ನೂ ನೋಡಿದ ದಿನಾಂಕವನ್ನೂ ಬರೆದಿಡುತ್ತೇನೆ. ಡಬ್ ಆದ ಚಿತ್ರವಾದರೆ ಯಾವ ಭಾಷೆಯ ಧ್ವನಿ ತಾನಾಗಿ ಶುರುವಾಗಿದೆ ಅಂತಲೂ ನೋಡಿಕೊಳ್ಳಬೇಕು. ಡಬ್ಬಿಂಗ್ ದನಿ ಕೇಳಿ ಮೂಲ ನಟರ ಅಭಿನಯದ ಬಗ್ಗೆ ತೀರ್ಪು ಕೊಡುವುದು ಅನ್ಯಾಯ.

ನೋಡುವಾಗ ಫೋನ್ ಬೇರೆ ಕೋಣೆಯಲ್ಲಿ, ಕೈಯಲ್ಲಿ ಗುರುತು ಹಾಕಿಕೊಳ್ಳಲು ನೋಟ್‌ಪುಸ್ತಕ. ಮೊದಲ ಸಲ ಎಲ್ಲೂ ನಿಲ್ಲಿಸುವುದಿಲ್ಲ, ‘42ನೇ ನಿಮಿಷ, ಅಡುಗೆಮನೆ’ ಅನ್ನುವಷ್ಟು ಗುರುತು ಸಾಕು. ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿದರೆ ಹಾಸ್ಯದ ಟೈಮಿಂಗ್ ಸತ್ತುಹೋಗುತ್ತದೆ, ಅಂಥವರು ಕಾಮಿಡಿ ಬಗ್ಗೆ ಬರೆಯದಿರುವುದೇ ಒಳ್ಳೆಯದು. ನಿಲ್ಲಿಸುವುದಾದರೆ ಇಂಟರ್ವಲ್‌ನಲ್ಲಿ ಮಾತ್ರ, ಹತ್ತು ನಿಮಿಷ. ನಮ್ಮ ಚಿತ್ರಕಥೆ ಆ ವಿರಾಮ ಲೆಕ್ಕ ಹಾಕಿಯೇ ಕಟ್ಟಿರುತ್ತದೆ. ಬಿಡುವಿಲ್ಲದೆ ನೋಡಿದರೆ ಸೆಕೆಂಡ್ ಹಾಫ್‌ನ ಆರಂಭ ಇರುವುದಕ್ಕಿಂತ ಸಪ್ಪೆ ಅನ್ನಿಸುತ್ತದೆ.

ಎರಡನೇ ಸಲ ಗುರುತು ಹಾಕಿದ ಜಾಗಗಳನ್ನಷ್ಟೇ ನೋಡುತ್ತೇನೆ. ಕಥೆ ನಮ್ಮ ಕಡೆಯದಾದರೆ ಊರು ಬಲ್ಲವರು ಹೇಳಬೇಕಾದ್ದು ಇಲ್ಲಿದೆ. ಅರೇಬಿಕಾ ಕಾಫಿಯ ಕುಯ್ಲು ನವೆಂಬರ್‌ನಿಂದ ಜನವರಿಯವರೆಗೆ, ರೋಬಸ್ಟಾ ಅದರ ನಂತರ. ಹೂವು ಬೇಸಿಗೆಯ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಅರಳಿ, ಕೆಲವೇ ದಿನದಲ್ಲಿ ಬಾಡುತ್ತದೆ. ಮುಂಗಾರಿನ ದೃಶ್ಯದಲ್ಲಿ ಗಿಡದ ತುಂಬ ಕೆಂಪು ಹಣ್ಣಿದ್ದರೆ ಅದನ್ನು ಬರೆಯಲೇಬೇಕು. ಮೂಡಿಗೆರೆಯ ಪಾತ್ರ ಒಂದು ದೃಶ್ಯದಲ್ಲಿ ‘ಎಂತ ಮಾರಾಯ’ ಅಂದು ಮುಂದಿನದರಲ್ಲಿ ‘ಏನ್ ಗುರು’ ಅಂದರೆ ಅದನ್ನೂ.

ಅಭಿಪ್ರಾಯದ ಕೊನೆಗೆ ತಪ್ಪದೆ ಒಂದು ಸಾಲು ಇರುತ್ತದೆ: ‘43 ಇಂಚಿನ ಟೀವಿ, ಸೌಂಡ್‌ಬಾರ್, 1080ಪಿ, ಮೂಲ ಕನ್ನಡ ಧ್ವನಿ, ರಾತ್ರಿ, ಮಳೆ ಇರಲಿಲ್ಲ.’